ಒದ್ದೆ ನೆಲದ ನಿಯಮ

ಏಳನೇ ಸಂಪುಟ ಬಕೆಟ್ಟಿನಲ್ಲಿ ಮುಳುಗಿ ಸತ್ತಿತ್ತು.

ಬಚ್ಚಲ ನೆಲವೆಲ್ಲ ನೀಲಿ. ಒಂದಷ್ಟು ಹಾಳೆ ಬಕೆಟ್ಟಿನ ಅಂಚಿಗೆ ಅಂಟಿಕೊಂಡಿದ್ದವು. ಉಳಿದವು ಕರಗಿ ರಾಡಿಯಾಗಿದ್ದವು. ಪ್ರಕಾಶಕ ಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತು ತಲೆಯ ಮೇಲೆ ಕೈ ಹೊತ್ತಿದ್ದ. ಬೆಳಿಗ್ಗೆ ಕಚೇರಿ ತೆರೆದು ಒಳಗೆ ಕಾಲಿಟ್ಟವನು ಜಾರಿ ಬಿದ್ದು, ಬಿದ್ದಲ್ಲಿಂದಲೇ ಠಾಣೆಗೆ ಫೋನ್ ಮಾಡಿದ್ದನಂತೆ.

"ಇನ್ನೊಂದು ಪ್ರತಿ ಇದೆಯಾ?" ಇನ್ಸ್‌ಪೆಕ್ಟರ್ ಕೇಳಿದಳು.

"ಇಲ್ಲ ಮೇಡಂ. ಅವರು ಶಾಯಿ ಪೆನ್ನಲ್ಲೇ ಬರೆಯೋದು. ಜೆರಾಕ್ಸ್ ಮಾಡಿಸಿದ್ರೆ ಕಥೆ ಜೀವ ಹೋಗುತ್ತೆ ಅಂತಾರೆ."

"ಈಗ ಉಳೀತಾ?"

ಪ್ರಕಾಶಕ ಅತ್ತೇಬಿಟ್ಟ. ಮಾತು ಅತಿಯಾಯಿತೆಂದು ಅವಳಿಗೂ ಅನ್ನಿಸಿತು. ಆದರೆ ರಾಜ, ರಾಕ್ಷಸ, ಮಂತ್ರದಂಡಗಳ ಕಥೆಗಾಗಿ ದೊಡ್ಡವರು ಕಣ್ಣೀರು ಹಾಕುವುದನ್ನು ಅವಳು ಮೊದಲ ಸಲ ನೋಡುತ್ತಿದ್ದಳು. 'ಏಳು ಹೊಸ್ತಿಲು' ಎಂಬ ಈ ಮಹಾಕಥೆಯ ಆರು ಸಂಪುಟ ಬಂದು ನಾಲ್ಕು ವರ್ಷವಾಗಿತ್ತು. ಕೊನೆಯದನ್ನು ಲೇಖಕ ನಿನ್ನೆ ಸಂಜೆಯಷ್ಟೇ ತಂದು ಮೇಜಿನ ಮೇಲಿಟ್ಟಿದ್ದ. ಓದುವುದು ನಾಳೆ ಎಂದುಕೊಂಡು ಪ್ರಕಾಶಕ ಕದ ಹಾಕಿ ಮನೆಗೆ ಹೋಗಿದ್ದ.

ಬೀಗ ಒಡೆದಿರಲಿಲ್ಲ. ಬೀಗದ ಕೈ ಮೆಟ್ಟಿಲ ಹತ್ತಿರದ ಹೂಕುಂಡದ ಕೆಳಗಿರುವುದು ಜಗತ್ತಿಗೇ ಗೊತ್ತು. ಓದುಗರ ಸಂಘದ ಸಭೆ ನಡೆಯುವುದೂ ಇದೇ ಕಚೇರಿಯ ಮುಂಗೋಣೆಯಲ್ಲಿ. ಬಕೆಟ್ಟಿನ ಹಿಂದೆ ನೀಲಿ ಮೆತ್ತಿದ ತೆಳ್ಳನೆಯ ರಬ್ಬರ್ ಕೈಗವಸು ಒಂದು ಸಿಕ್ಕಿತು. ಹಾಳೆಗಳನ್ನು ಕಟ್ಟಿದ್ದ ಕೆಂಪು ದಾರವನ್ನು ಯಾರೋ ಬಿಚ್ಚಿ, ಎಂಟರ ಅಂಕಿಯ ಹಾಗೆ ಅಂದವಾಗಿ ಸುತ್ತಿ, ನಲ್ಲಿಗೆ ನೇತುಹಾಕಿದ್ದರು.

ಕೆಳಗಿನ ಅಂಗಡಿಯ ಟೈಲರ್ ತನ್ನ ದೂರನ್ನೂ ಸೇರಿಸಿದ. "ನಿನ್ನೆ ಸಂಜೆ ಈ ಪ್ರಕಾಶಕರು ಮೆಟ್ಟಿಲಿಳಿದು ಹೋದ ಮೇಲೆ ನಾನು ಒಂದು ಕಾಲರ್ ಕೂಡ ಹೊಲಿದು ಮುಗಿಸಿರ್ಲಿಲ್ಲ, ಸೂರಿಂದ ತೊಟಕ್ ತೊಟಕ್ ಅಂತ ನೀಲಿ ನೀರು! ಗಿರಾಕಿಯ ಬಿಳಿ ಅಂಗಿ ಹಾಳಾಯ್ತು ಮೇಡಂ."

"ಅಂಗಿ ವಿಷಯ ಆಮೇಲೆ," ಎಂದಳು ಇನ್ಸ್‌ಪೆಕ್ಟರ್. ಅಂಗಿಯ ಜೊತೆ ಬಂದ ಇನ್ನೊಂದು ವಿಷಯವನ್ನೂ ಆಮೇಲಕ್ಕೇ ತಳ್ಳಿದಳು. ತಪ್ಪು ಶುರುವಾದದ್ದು ಅಲ್ಲಿಂದ.

* * *

"ಯಾರ ಮೇಲಾದ್ರೂ ಅನುಮಾನ?"

ಪ್ರಕಾಶಕ ಮೂಗೊರೆಸಿಕೊಂಡ. "'ಆದರೆ ಮೇಷ್ಟ್ರು' ಮೇಡಂ. ಹೈಸ್ಕೂಲಲ್ಲಿ ಗಣಿತ ಹೇಳ್ತಾರೆ. ಬಾಯಿ ತೆಗೆದ್ರೆ 'ಆದರೆ' ಅಂತಲೇ ಶುರು. ಹೋದ ಸಭೇಲಿ ಎಲ್ಲರೆದುರು ಅಂದ್ರು, ಏಳನೇ ಸಂಪುಟದಲ್ಲೂ ಉತ್ತರ ಇಲ್ಲದಿದ್ರೆ ಅದನ್ನ ನೀರಲ್ಲಿ ಮುಳುಗಿಸಬೇಕು ಅಂತ."

"ಯಾವುದಕ್ಕೆ ಉತ್ತರ?"

ಪ್ರಕಾಶಕ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಹೆಡ್ ಕಾನ್‌ಸ್ಟೇಬಲ್ ಗಂಟಲು ಸರಿಮಾಡಿಕೊಂಡ. "ಒದ್ದೆ ನೆಲದ್ದು ಮೇಡಂ. ಒದ್ದೆ ನೆಲದ ಮೇಲೆ ನಿಂತವರಿಗೆ ಮಂತ್ರ ಒಲಿಯಲ್ಲ. ಮೊದಲನೇ ಸಂಪುಟದಲ್ಲೇ ಹೇಳಿದಾರೆ. ಇಡೀ ಕಥೆ ನಿಂತಿರೋದೇ ಅದರ ಮೇಲೆ. ಕೋಟೆಯೊಳಗೆ ನೀರು ನುಗ್ಗಿದಾಗ ನೂರು ಮಂತ್ರವಾದಿಗಳು ಕೈಲಾಗದೆ ಸತ್ತರು. ಅಂಥದ್ರಲ್ಲಿ ಆರನೇ ಸಂಪುಟದ ಕೊನೇಲಿ ಬಾಲರಾಜ ಹೊಳೆ ಮಧ್ಯೆ ನಿಂತು ಮಂತ್ರ ಹಾಕಿಬಿಡ್ತಾನೆ! ಹೇಗೆ ಸಾಧ್ಯ? ಹಾಗಾದ್ರೆ ಆ ನೂರು ಜನ ಯಾಕೆ ಸಾಯಬೇಕಿತ್ತು?"

ಹೇಳುತ್ತಾ ಹೇಳುತ್ತಾ ಅವನ ದನಿ ಏರಿತ್ತು. ಇನ್ಸ್‌ಪೆಕ್ಟರ್ ಅವನನ್ನೇ ನೋಡಿದಳು.

"ಆರೂ ಓದಿದೀರಾ?"

"ಡ್ಯೂಟಿ ಇಲ್ಲದಾಗ ಮೇಡಂ," ಎಂದು ಕಿವಿಯವರೆಗೂ ಕೆಂಪಾದ.

* * *

ಲೇಖಕ ಮನೆಯಲ್ಲಿದ್ದ. ಕಣ್ಣು ಬಾತಿದ್ದವು. ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲವೆಂದು ಯಾರಿಗಾದರೂ ತಿಳಿಯುವಂತಿತ್ತು. ಪುಸ್ತಕ ಹೋದವನು ಹೀಗೇ ಇರುತ್ತಾನೆ ಎಂದು ಅವಳೂ ಮರುಗಿದಳು. ಗೋಡೆಯ ತುಂಬಾ ಸನ್ಮಾನದ ಫೋಟೋ. ಒಂದರ ಕೆಳಗೆ ಅವನದೇ ಮಾತು ಅಚ್ಚಾಗಿತ್ತು: ಈ ಲೋಕ ನನ್ನ ಏಕಾಂತದಲ್ಲಿ ಹುಟ್ಟಿತು.

"ಹೊಳೆ ವಿಷಯಕ್ಕೆ ಏನು ಉತ್ತರ ಬರೆದಿದ್ರಿ ಸಾರ್?"

ಅವನು ಮೇಜಿನ ಮೇಲಿದ್ದ ಫೈಲಿನ ದಾರವನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದ. "ಒಂದು ಕಲ್ಲು. ಕಾಲ ಕೆಳಗಿಟ್ಟುಕೊಂಡರೆ ನೀರು ತಾಗದ ಕಲ್ಲು."

"ಕಲ್ಲಾ?" ಹೆಡ್ ಕಾನ್‌ಸ್ಟೇಬಲ್ ತಡೆಯಲಾರದೆ ಕೇಳಿದ. "ಹಾಗಾದ್ರೆ ಕೋಟೆಯವರು ಅದನ್ನ ಯಾಕೆ..."

ಇನ್ಸ್‌ಪೆಕ್ಟರ್ ಕಣ್ಣು ಬಿಟ್ಟಳು. ಅವನು ಬಾಯಿ ಮುಚ್ಚಿದ. ಲೇಖಕ ಮಾತ್ರ ಕೆನ್ನೆಗೆ ಹೊಡೆಸಿಕೊಂಡವನ ಹಾಗೆ ಮುಖ ತಿರುಗಿಸಿದ.

"ಮೇಷ್ಟ್ರೇ ಮಾಡಿರಬಹುದಾ ಸಾರ್?"

ಅವನು ದಾರದ ತುದಿಯನ್ನು ಬಿಗಿದ. ಆಮೇಲೆ, "ನಾನು ಯಾರ ಹೆಸರೂ ಹೇಳಲ್ಲ. ಆದರೆ ಅವರು ಹಾಗಂದಿದ್ದಂತೂ ನಿಜ."

ಅಷ್ಟು ಸಾಕಾಯಿತು. ಅರ್ಧ ಗಂಟೆಯಲ್ಲಿ ಜೀಪು ಶಾಲೆಯ ಅಂಗಳದಲ್ಲಿತ್ತು. ಪಾಠ ಮುಗಿಯಲಿ ಎಂದು ಕಾಯಬಹುದಿತ್ತು. ಅವಳು ಕಾಯಲಿಲ್ಲ. ತರಗತಿಯ ಬಾಗಿಲಲ್ಲೇ ನಿಂತು, "ಠಾಣೆಗೆ ನಡೀರಿ," ಎಂದಳು. ಬೋರ್ಡಿನ ಮೇಲೆ ಅರ್ಧ ಲೆಕ್ಕ. ಕೈಯಲ್ಲಿ ಸೀಮೆಸುಣ್ಣ. ನಲವತ್ತು ಮಕ್ಕಳು ಕಿಟಕಿಗೆ ಮುಖವಿಟ್ಟು ತಮ್ಮ ಮೇಷ್ಟ್ರು ಜೀಪು ಹತ್ತುವುದನ್ನು ನೋಡಿದರು.

* * *

ಠಾಣೆಗೆ ಬಂದು ಕೂತ ಮೇಲೂ ಆ ಸೀಮೆಸುಣ್ಣ ಮೇಷ್ಟ್ರ ಮುಷ್ಟಿಯಲ್ಲೇ ಇತ್ತು. ಆಗಲೇ ಹೆಡ್‌ಮಾಸ್ಟರ ಫೋನೂ ಬಂತು: ವಿಷಯ ಇತ್ಯರ್ಥವಾಗುವವರೆಗೆ ಅವರು ಶಾಲೆಗೆ ಬರುವುದು ಬೇಡ, ಪೋಷಕರು ಆಗಲೇ ಕೇಳುತ್ತಿದ್ದಾರೆ.

ಮೇಷ್ಟ್ರು ಅದನ್ನು ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು.

"ಒಂದು ಮಾತು ಕೇಳಬಹುದಾ ಮೇಡಂ?"

"ಕೇಳಿ."

"ಆದರೆ... ಮುಳುಗಿಸೋ ಮೊದಲು ನಾನು ಅದನ್ನ ಓದ್ತಿರಲಿಲ್ವಾ?"

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟಳು.

"ನಾಲ್ಕು ವರ್ಷ ಕಾದಿದೀನಿ. ಆ ಕಟ್ಟು ಕೈಗೆ ಸಿಕ್ಕಿದ್ರೆ ಅಲ್ಲೇ ನೆಲದ ಮೇಲೆ ಕೂತು ಕೊನೇ ಅಧ್ಯಾಯ ಓದ್ತಿದ್ದೆ. ಓದಿ, ಬೈದು, ಆಮೇಲೆ ಬೇಕಾದ್ರೆ ಮುಳುಗಿಸ್ತಿದ್ದೆ. ಉತ್ತರ ಬೇಕು ಅಂತ ಜಗಳ ಆಡೋನು ಉತ್ತರಾನೇ ಮುಳುಗಿಸ್ತಾನಾ? ಇನ್ನೊಂದು ಮೇಡಂ. ಕಥೇಲಿ ನಿಯಮ ಅಂದ್ರೆ ಎಲ್ಲರಿಗೂ ಒಂದೇ. ಒಬ್ಬನಿಗೋಸ್ಕರ ಮಾತ್ರ ಬಾಗಿದ್ರೆ ಅಲ್ಲಿ ಬರೆದವರ ಕೈ ಇರುತ್ತೆ. ಬೀಗದ ಕೈ ಇರೋ ಜಾಗ ಸಂಘದಲ್ಲಿ ಎಲ್ಲರಿಗೂ ಗೊತ್ತು. ನೀವು ನನ್ನೊಬ್ಬನ್ನೇ ತಂದ್ರಿ."

ಅವಳಿಗೆ ಟೈಲರನ ಮಾತು ನೆನಪಾಯಿತು. ಒಂದು ಕಾಲರ್ ಹೊಲಿಯುವಷ್ಟರಲ್ಲಿ ನೀರು ಸೋರಿತ್ತು. ಬಂದವರು ಒಂದು ಪುಟವನ್ನೂ ತಿರುವಿ ನೋಡಿರಲಿಲ್ಲ. ಬೆಳಿಗ್ಗೆಯೇ ಆ ಸಾಕ್ಷಿ ಕೈಯಲ್ಲಿತ್ತು. ಅದನ್ನು ಅಂಗಿಯ ಜೊತೆ ಪಕ್ಕಕ್ಕಿಟ್ಟು, ಜೀಪು ಹತ್ತಿ ಶಾಲೆಗೆ ಹೋಗಿದ್ದಳು.

"ಹೋಗಿಬನ್ನಿ ಮೇಷ್ಟ್ರೇ. ಜೀಪಲ್ಲಿ ಬಿಡಿಸ್ತೀನಿ."

"ಬೇಡ ಬಿಡಿ," ಎಂದರು ಮೇಷ್ಟ್ರು. "ಮಕ್ಕಳು ಇನ್ನೊಂದ್ಸಲ ಆ ಜೀಪು ನೋಡೋದು ಬೇಡ." ನಡೆದೇ ಹೋದರು.

ಹೆಡ್ ಕಾನ್‌ಸ್ಟೇಬಲ್ ಮೇಜಿನ ಮೇಲಿದ್ದ ಕೈಗವಸನ್ನು ಕಡ್ಡಿಯಿಂದ ಎತ್ತಿ ಹಿಡಿದ. "ಡಾಕ್ಟರುಗಳು ಹಾಕ್ಕೊಳ್ಳೋದು ಮೇಡಂ ಇದು. ಲೇಖಕರ ಅಕ್ಕ ಹಲ್ಲಿನ ಡಾಕ್ಟರು. ಕ್ಲಿನಿಕ್ಕು ಆ ಕಚೇರಿ ಇರೋ ಬೀದೀಲೇ ಇದೆ."

* * *

ಕ್ಲಿನಿಕ್ಕಿನಲ್ಲಿ ರೋಗಿಗಳಿರಲಿಲ್ಲ. ಹಲ್ಲು ಕೀಳುವ ಆ ಉದ್ದನೆಯ ಕುರ್ಚಿಯಲ್ಲಿ ಲೇಖಕನೇ ಕೂತಿದ್ದ. ಪಕ್ಕದಲ್ಲಿ ಬಿಳಿ ಕೋಟು ತೊಟ್ಟ ಅಕ್ಕ. ಮೇಜಿನ ಮೇಲೆ ಕೈಗವಸಿನ ಡಬ್ಬಿ. ಇನ್ಸ್‌ಪೆಕ್ಟರ್ ಇನ್ನೂ ಒಳಗೆ ಕಾಲಿಟ್ಟಿರಲಿಲ್ಲ.

"ನಾನೇ ಮುಳುಗಿಸಿದ್ದು," ಎಂದಳು ಅಕ್ಕ. "ಮೇಷ್ಟ್ರನ್ನ ಬಿಟ್ಟುಬಿಡಿ."

"ಯಾಕೆ ಮುಳುಗಿಸಿದ್ರಿ?"

"ಕೊನೆ ಚೆನ್ನಾಗಿರಲಿಲ್ಲ. ತೂತು ಕಂಡ್ರೆ ನನ್ನ ಕೈ ಸುಮ್ಮನಿರಲ್ಲ, ಕಸುಬೇ ಅದಲ್ವಾ?"

"ಕಟ್ಟನ್ನ ಏನು ಮಾಡಿದ್ರಿ?"

"ಏನು ಮಾಡೋದು? ಹಾಗೇ ಎತ್ತಿ ಬಕೆಟ್ಟಿಗೆ ಹಾಕಿದೆ."

"ದಾರದ ಸಮೇತ?"

"ದಾರದ ಸಮೇತ."

ನಲ್ಲಿಗೆ ನೇತುಬಿದ್ದಿದ್ದ ಕೆಂಪು ದಾರ ಇನ್ಸ್‌ಪೆಕ್ಟರ್ ಕಣ್ಣ ಮುಂದೆ ಬಂತು. ಕುರ್ಚಿಯಲ್ಲಿದ್ದವನ ಕಡೆ ನೋಡಿದಳು. ಅವನ ಬೆರಳುಗಳು ಅಂಗಿಯ ಮೇಲಿನ ಒಂದು ಎಳೆಯನ್ನು ಕಿತ್ತು ಸುತ್ತುತ್ತಿದ್ದವು. ಎಂಟರ ಅಂಕಿ.

ಅವಳು ಅವಸರ ಮಾಡಲಿಲ್ಲ. ಇವತ್ತು ಮಾಡಿದ್ದೇ ಸಾಕಾಗಿತ್ತು. ಸ್ಟೂಲ್ ಎಳೆದುಕೊಂಡು ಕೂತಳು. "ಡಾಕ್ಟ್ರೇ, ನಾನು ಆ ಪುಸ್ತಕ ಓದಿಲ್ಲ. ಆ ಹುಡುಗ ಹೊಳೇಲಿ ನಿಂತು ಮಂತ್ರ ಹಾಕಿದ್ದು ಹೇಗೆ? ನಿಮಗೇನಾದ್ರೂ ಗೊತ್ತಾ?"

ಅಕ್ಕನಿಗೆ ಬೇಡವೆಂದರೂ ನಗು ಬಂತು. "ಸುಲಭ. ಅವನು ಹೊಳೆಯಲ್ಲಿ ನಿಂತಿರಲೇ ಇಲ್ಲ. ಅಕ್ಕನ ಪಾದದ ಮೇಲೆ ನಿಂತಿದ್ದ."

ಲೇಖಕ ಕಣ್ಣು ಮುಚ್ಚಿದ.

"ನಾವು ಚಿಕ್ಕವರಿದ್ದಾಗ ರೈಲಿನ ಹಾಗೆ ಉದ್ದಕ್ಕಿದ್ದ ಬಾಡಿಗೆ ಮನೇಲಿದ್ವಿ. ಬೀದಿ ಬಾಗಿಲಿಂದ ಹಿತ್ತಿಲವರೆಗೆ ಏಳು ಹೊಸ್ತಿಲು. ಅಮ್ಮ ನೆಲ ಒರೆಸಿದ ಮೇಲೆ ಯಾರೂ ಕಾಲಿಡೋ ಹಾಗಿಲ್ಲ, ಇಟ್ಟರೆ ಪೆಟ್ಟು. ಅದಕ್ಕೇ ನಾನೊಂದು ಆಟ ಕಟ್ಟಿದ್ದೆ. ಒಂದೊಂದು ಕೋಣೆಗೂ ಒಬ್ಬೊಬ್ಬ ರಾಜ. ಒದ್ದೆ ನೆಲದ ಮೇಲೆ ಯಾರ ಮಂತ್ರವೂ ನಡೆಯಲ್ಲ. ಇವನು ಅಳ್ತಿದ್ದ. ಆಗ ನನ್ನ ಪಾದದ ಮೇಲೆ ನಿಲ್ಲಿಸ್ಕೊಂಡು, ಎರಡು ಕೈ ಹಿಡ್ಕೊಂಡು, ನಾನೇ ನಡೀತಿದ್ದೆ. ಪೆಟ್ಟು ನನಗೆ, ಮಂತ್ರ ಇವನಿಗೆ." ಮತ್ತೆ ನಕ್ಕಳು. "ಮರ್ತುಬಿಟ್ಟಿದ್ದ ನೋಡಿ. ಕಲ್ಲು ತಂದು ಇಟ್ಟಿದ್ದ!"

"ಇದನ್ನ ಅವರಿಗೆ ನೆನಪು ಮಾಡಿದ್ದು ನಿನ್ನೆ ಸಂಜೆ. ಅಲ್ವಾ?"

ಅಕ್ಕನ ನಗು ನಿಂತಿತು.

"ಮುಳುಗಿಸಿದವರು ಒಂದು ಪುಟಾನೂ ಓದಿಲ್ಲ," ಎಂದಳು ಇನ್ಸ್‌ಪೆಕ್ಟರ್. "ಓದೋಷ್ಟು ಹೊತ್ತೇ ಇರಲಿಲ್ಲ. ಅಂದ್ರೆ ಒಳಗೇನಿದೆ ಅಂತ ಮೊದಲೇ ಗೊತ್ತಿದ್ದವರು. ಪ್ರಕಾಶಕರು ಓದಿರಲಿಲ್ಲ. ಸಂಘದವರು ಯಾರೂ ನೋಡಿರಲಿಲ್ಲ. ನೀವು ಕಲ್ಲಿನ ವಿಷಯ ಇವರ ಬಾಯಲ್ಲಿ ಕೇಳಿದ್ರಿ, ಆದ್ರೆ ಆ ದಾರ ಬಿಚ್ಚಿ ಸುತ್ತಿಟ್ಟಿದ್ದು ನಿಮಗೆ ಗೊತ್ತಿಲ್ಲ. ಕೈಗವಸು ಈ ಡಬ್ಬಿಯದು, ಕೈ ನಿಮ್ಮದಲ್ಲ."

ಅಕ್ಕ ತಮ್ಮನ ಮುಂದೆ ಬಂದು ನಿಂತಳು. "ನಾನೇ ಅಂತ ಹೇಳಿದೆನಲ್ಲ!"

ಇನ್ಸ್‌ಪೆಕ್ಟರ್ ಅವಳ ಹೆಗಲಾಚೆ ನೋಡಿದಳು. "ಸಾರ್, ನಿಮ್ಮಕ್ಕ ಈಗಲೂ ಒದ್ದೆ ನೆಲದ ಮೇಲೆ ನಿಂತಿದಾರೆ. ನೀವು ಈಗಲೂ ಅವರ ಪಾದದ ಮೇಲಿದೀರಿ. ಇಳೀರಿ."

ಲೇಖಕ ಕುರ್ಚಿಯಿಂದ ಇಳಿದ.

"ಹೊಳೆ ದೃಶ್ಯ ಬರೆಯೋವಾಗ ಸರಿ ಅನ್ನಿಸಿತ್ತು," ಎಂದ. "ಯಾಕೆ ಸರಿ ಅಂತ ಗೊತ್ತಿರಲಿಲ್ಲ. ನಾಲ್ಕು ವರ್ಷ ಹುಡುಕಿದೆ. ಸಿಗಲಿಲ್ಲ, ಕಲ್ಲು ಇಟ್ಟೆ. ನಿನ್ನೆ ಕಟ್ಟು ಕೊಟ್ಟು ಇಲ್ಲಿಗೆ ಬಂದು ಜಂಬದಿಂದ ಹೇಳಿದೆ. ಅಕ್ಕ ನಕ್ಕಳು. 'ನನ್ನ ಪಾದ ಮರ್ತೋಯ್ತೇನೋ' ಅಂದಳು. ಆಗ ಎಲ್ಲಾ ನೆನಪಾಯ್ತು ಮೇಡಂ. ಬರೀ ಆ ನಿಯಮ ಅಲ್ಲ. ರಾಜರು, ಹೊಸ್ತಿಲು, ಎಲ್ಲಾ. ನಂದು ಅಂತ ಅದ್ರಲ್ಲಿ ಇದ್ದದ್ದು ಆ ಕಲ್ಲೊಂದೇ. ಎಷ್ಟು ವೇದಿಕೆ ಮೇಲೆ ಏಕಾಂತ ಏಕಾಂತ ಅಂದಿದೀನಿ. ಅದನ್ನ ಅಚ್ಚಿಗೆ ಬಿಡೋಕೂ ಆಗಲಿಲ್ಲ, ಯಾಕೆ ಬೇಡ ಅಂತ ಬಾಯಿಬಿಟ್ಟು ಹೇಳೋಕೂ ಮುಖ ಇರಲಿಲ್ಲ."

"ಪುಸ್ತಕ ನಿಮ್ಮದು. ಮುಳುಗಿಸಿದ್ದನ್ನ ಪ್ರಕಾಶಕರು ಕ್ಷಮಿಸಬಹುದು. ಆದರೆ ಮೇಷ್ಟ್ರ ಬಗ್ಗೆ ನಾನು ಕೇಳಿದಾಗ?"

ಅವನು ಬೆರಳಲ್ಲಿದ್ದ ಎಳೆಯನ್ನು ಕೆಳಗೆ ಬಿಟ್ಟ. ಇದೇ ಪ್ರಶ್ನೆಯನ್ನು ಯಾರಾದರೂ ತನಗೆ ಕೇಳಿದರೆ ತನ್ನ ಬಳಿಯೂ ಉತ್ತರವಿಲ್ಲವೆಂದು ಇನ್ಸ್‌ಪೆಕ್ಟರಿಗೆ ಗೊತ್ತಿತ್ತು. ಆಮೇಲೆ ಅವಳು ಅವನ ಮುಖ ನೋಡಲಿಲ್ಲ.

* * *

ಮರುದಿನ ಅವಳು ಹೆಡ್‌ಮಾಸ್ಟರಿಗೆ ಹೇಳಿ ಮೇಷ್ಟ್ರನ್ನು ಕರೆಸಿ, ತಾನು ಜೀಪು ಬಿಟ್ಟು ನಡೆದೇ ಶಾಲೆಗೆ ಹೋದಳು. ಅದೇ ತರಗತಿಯಲ್ಲಿ, ಅದೇ ಮಕ್ಕಳ ಮುಂದೆ ನಿಂತು ಹೇಳಿದಳು. "ನಿಮ್ಮ ಮೇಷ್ಟ್ರು ಏನೂ ತಪ್ಪು ಮಾಡಿಲ್ಲ. ತಪ್ಪು ಮಾಡಿದ್ದು ನಾನು."

"ಮತ್ತೆ ಯಾಕೆ ಕರ್ಕೊಂಡು ಹೋದ್ರಿ?" ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು. ಮೇಷ್ಟ್ರು ಕಲಿಸಿದ ಮಕ್ಕಳಲ್ಲವೇ.

ಅವಳು ಟೋಪಿ ತೆಗೆದು ಬೋರ್ಡಿನ ಕಡೆ ನೋಡಿದಳು. ಕೊನೆಗೆ ಮೇಷ್ಟ್ರೇ, "ಸಾಕು, ಕೂತ್ಕೋ," ಎಂದು ಹುಡುಗಿಯನ್ನು ಕೂರಿಸಿದರು. ಅವರ ಆ ಕರುಣೆ ಇನ್ಸ್‌ಪೆಕ್ಟರಿಗೆ ಇನ್ನೂ ಕಷ್ಟವಾಯಿತು.

ಭಾನುವಾರ ಓದುಗರ ಸಂಘದ ಸಭೆ. ಪ್ರಕಾಶಕ ದೂರು ಹಿಂದಕ್ಕೆ ಪಡೆದಿದ್ದ. ಲೇಖಕ ನಿಂತು ಎಲ್ಲವನ್ನೂ ಹೇಳಿದ. ಮೊದಲು ಮೇಷ್ಟ್ರ ಕ್ಷಮೆ ಕೇಳಿದ, ಆಮೇಲೆ ಏಳು ಹೊಸ್ತಿಲ ಮನೆ, ಆಮೇಲೆ ಪಾದ. ಏಳನೇ ಸಂಪುಟವನ್ನು ಹೊಸದಾಗಿ ಬರೆಯುವುದಾಗಿಯೂ, ಅದರ ಮೇಲೆ ಎರಡು ಹೆಸರಿರುವುದಾಗಿಯೂ ಹೇಳಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಮಾತ್ರ ತಟ್ಟಲು ಕೈ ಎತ್ತಿ, ಇನ್ಸ್‌ಪೆಕ್ಟರ್ ಪಕ್ಕದಲ್ಲಿರುವುದು ನೆನಪಾಗಿ ಇಳಿಸಿಕೊಂಡ.

ಹಿಂದಿನ ಸಾಲಿನಲ್ಲಿ ಮೇಷ್ಟ್ರು ಎದ್ದರು.

"ಒಪ್ಪಿದೆ. ನಿಯಮ ಸರಿಹೋಯ್ತು," ಎಂದರು. "ಆದರೆ... ಕೆಳಗೆ ನಿಂತವಳ ಕಾಲು ಒದ್ದೆಯಲ್ಲೇ ಇತ್ತಲ್ಲ. ಹಾಗಾದ್ರೆ ಅವಳ ಮಂತ್ರ ಯಾವತ್ತು ನಡೀತು?"

ಇಷ್ಟು ವರ್ಷದಲ್ಲಿ ಲೇಖಕ ಅದನ್ನು ಯೋಚಿಸಿಯೇ ಇರಲಿಲ್ಲ. ಅವನು ಅಕ್ಕನ ಕಡೆ ತಿರುಗಿದ. ಎಲ್ಲರೂ ತಿರುಗಿದರು.

ಅಕ್ಕ ತನ್ನ ಕಾಲು ನೋಡಿಕೊಂಡಳು.

"ನಡೀಲಿಲ್ಲ," ಎಂದಳು. "ನನ್ನ ಸರದಿ ಬರೋ ಹೊತ್ತಿಗೆ ನೆಲ ಒಣಗಿರ್ತಿತ್ತು. ಆದ್ರೆ ಅಷ್ಟರಲ್ಲಿ ಇವನು ಆಟ ಸಾಕು ಅಂತ ಹೊರಗೆ ಓಡಿಹೋಗಿರ್ತಿದ್ದ."