ಓಟಿಲ್ಲದವರ ಬೇಲಿ

"ನನ್ನ ಕಿಟಕಿಗೆ ಬೋರ್ಡು ಬೇಡ ಮೇಡಂ."

ಇಷ್ಟೇ! ತಲೆ ಎತ್ತಿ ನೋಡಲೂ ಇಲ್ಲ ಮನುಷ್ಯ. ನಾಯಿ ತಿನಿಸಿನ ಐವತ್ತು ಪೌಂಡಿನ ಚೀಲವನ್ನು ತಲೆದಿಂಬಿನಂತೆ ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ.

ಕೋರಿನ್ ಹ್ಯಾಸ್ಕೆಲ್ ಕೈಯಲ್ಲಿ ಹಸಿರು ಬೋರ್ಡು ಹಿಡಿದು ಅಂಗಡಿಯ ನಟ್ಟನಡುವೆ ನಿಂತಿದ್ದಳು. 'ಪಾರ್ಕಿಗೆ ಹೌದು ಅನ್ನಿ' ಎಂದು ಅದರ ಮೇಲೆ ಬರೆದಿತ್ತು. ಕಾಫಿ ಮೇಜಿನ ಸುತ್ತ ಕೂತ ನಾಲ್ವರು ಮುದುಕರು ಕಪ್ಪು ಬಾಯಿಗಿಟ್ಟಲ್ಲೇ ಮರೆತಿದ್ದರು. ಮಿಸ್ಸೂರಿಯ ಡನ್‌ಮೋರ್‌ನಂಥ ಊರಲ್ಲಿ ಬೆಳಗಿನ ಏಳು ಗಂಟೆಗೆ ಇದಕ್ಕಿಂತ ಒಳ್ಳೆಯ ಮನರಂಜನೆ ಸಿಗುವುದಿಲ್ಲ.

ಅವಳು ಬಿಡುವವಳೇ? ಹಿಂದೆಯೇ ಹೋದಳು.

"ಕಾರಣ ಹೇಳಿ! ಬೇಡ ಅನ್ನೋಕೆ ಒಂದು ಕಾರಣ ಬೇಕಲ್ಲ?"

ವೇಡ್ ಟಟಲ್ ಚೀಲವನ್ನು ಒಂದು ಹಳೆಯ ಪಿಕಪ್‌ಗೆ ಎಸೆದು ಈಗ ತಿರುಗಿದ. ಎರಡು ವರ್ಷದ ಹಿಂದೆ ಈ ಮೇವು-ಮೊಳೆಯ ಅಂಗಡಿ ಕೊಂಡವನು. ನಲವತ್ತರ ಹತ್ತಿರ. ಕಣ್ಣು ಬೂದು ಬಣ್ಣ... ಕಣ್ಣಿನ ಬಣ್ಣ ತನಗೇಕೆ ಎಂದು ಕೋರಿನ್ ತನ್ನನ್ನೇ ಗದರಿಕೊಂಡಳು.

"ಈ ಗಾಡಿ ಯಾರದ್ದು ಗೊತ್ತಾ?"

"ಬರ್ಲ್ ಮಾವಂದು. ಊರಿಗೆಲ್ಲ ಗೊತ್ತು."

"ಬರ್ಲ್ ಮನೆ ಊರಿನ ಗಡಿಯಿಂದ ಎರಡು ಮೈಲಿ ಆಚೆ. ಕೈಗವಸು, ಬೂಟು, ಮೊಳೆ, ಎಲ್ಲ ತಗೊಳ್ಳೋದು ಇಲ್ಲೇ. ನಿಮ್ಮ ಪಾರ್ಕಿಗೆ ಅಂತ ಊರಿನ ಅಂಗಡಿಗಳಲ್ಲಿ ಡಾಲರಿಗೆ ಅರ್ಧ ಸೆಂಟು ತೆರಿಗೆ ಹಾಕಿದ್ರೆ ಅದು ಅವನ ಜೇಬಿಂದಲೂ ಹೋಗುತ್ತೆ. ಆದ್ರೆ ಓಟು ಹಾಕೋ ಹಕ್ಕು ಅವನಿಗಿಲ್ಲ. ನನ್ನ ಗಿರಾಕಿಗಳಲ್ಲಿ ಅರ್ಧ ಜನ ಅಂಥೋರೇ. ಅವರನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ ಮೇಡಂ?"

ಕೋರಿನ್ ಬೋರ್ಡನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಉತ್ತರ ಇಲ್ಲದಿದ್ದಾಗ ಮನುಷ್ಯರಿಗೆ ಬರುವಷ್ಟು ಸಿಟ್ಟು ಬೇರೆ ಯಾವಾಗಲೂ ಬರುವುದಿಲ್ಲ.

"ಟೆಸ್ಸಾಳ ಕಾಲು ಮುರಿದಾಗ ಅವಳನ್ನೂ ಯಾರೂ ಕೇಳಿರಲಿಲ್ಲ!" ಎಂದವಳೇ ಹಳದಿ ಬಸ್ಸು ಹತ್ತಿದಳು.

ಕೋರಿನ್ ಶಾಲಾ ಬಸ್ಸಿನ ಚಾಲಕಿ. ಹೋದ ವರ್ಷ ಮೇ ತಿಂಗಳಲ್ಲಿ ಎಂಟು ವರ್ಷದ ಟೆಸ್ಸಾಳನ್ನು ಎಂದಿನಂತೆ ಕಾಳಿನ ಗೋದಾಮಿನ ಎದುರಿನ ಜಲ್ಲಿ ಬಯಲಲ್ಲಿ ಇಳಿಸಿದ್ದಳು. ಊರ ಮಕ್ಕಳಿಗೆ ಆಡಲು ಇದ್ದದ್ದು ಅದೊಂದೇ ಜಾಗ. ಬಸ್ಸು ತಿರುಗಿಸುವಾಗ ಕನ್ನಡಿಯಲ್ಲಿ ಎಲ್ಲವೂ ಕಂಡಿತು... ಹಿಂದಕ್ಕೆ ಬರುತ್ತಿದ್ದ ಲಾರಿ, ಜಲ್ಲಿಗೆ ಬಿದ್ದ ಶಾಲೆಯ ಚೀಲ, ಆಮೇಲೆ ಆ ಕೂಗು. ಮಗು ಬದುಕಿತು. ಆದರೆ ಇವತ್ತಿಗೂ ಬಸ್ಸಿನ ಮೂರು ಮೆಟ್ಟಿಲನ್ನು ಒಂದೊಂದಾಗಿ, ಕಂಬಿ ಹಿಡಿದು ಹತ್ತುತ್ತಾಳೆ. ದಿನಾ ಬೆಳಿಗ್ಗೆ ಕೋರಿನ್ ಆ ಮೂರು ಹೆಜ್ಜೆಯ ಸದ್ದು ಕೇಳುತ್ತಾಳೆ.

ಹೋದ ನವೆಂಬರಿನಲ್ಲಿ ಇದೇ ತೆರಿಗೆ ಹತ್ತೊಂಬತ್ತು ಓಟುಗಳಿಂದ ಸೋತಿತ್ತು. ಈಗ ಏಪ್ರಿಲ್‌ನಲ್ಲಿ ಮತ್ತೊಂದು ಸಲ. ಇದೇ ಕೊನೆ. ಮುಚ್ಚಿಹೋದ ಬೂಟಿನ ಕಾರ್ಖಾನೆಯ ಆರು ಎಕರೆಯನ್ನು ಮಾಲೀಕರು ಪಾರ್ಕಿಗೆಂದು ಕಾದಿರಿಸಿದ್ದು ಏಪ್ರಿಲ್ ಕೊನೆಯವರೆಗೆ ಮಾತ್ರ. ಆಮೇಲೆ ಅಲ್ಲಿ ಬಾಡಿಗೆಯ ತಗಡಿನ ಶೆಡ್ಡುಗಳು ಏಳುತ್ತವೆ.

ಆ ಸಂಜೆ ಪಕ್ಕದ ಮನೆಯ ಓಪಲ್ ಅಜ್ಜಿಯ ಹತ್ತಿರ ಕೋರಿನ್ ದೂರು ಹೇಳಿಕೊಂಡಳು. ಎಂಬತ್ತೊಂದರ ಓಪಲ್ ಅಜ್ಜಿ ನಲವತ್ತು ವರ್ಷ ಅಂಚೆ ಕಚೇರಿ ನಡೆಸಿದವಳು; ಈಗ ಪಾರ್ಕಿನ ಪ್ರಚಾರದ ಸೇನಾಪತಿ.

"ಅವನು ಹೇಳಿದ್ದು ಸರಿಯಾಗೇ ಇದೆ ಕಣೆ. ಅದಕ್ಕೇ ನಿನಗೆ ಉರಿ."

"ಅಜ್ಜಿ! ನೀವು ಯಾರ ಪಕ್ಷ?"

"ಪಾರ್ಕಿನ ಪಕ್ಷ. ಆದ್ರೆ ಅವನ ತೋಳು ನಾನೂ ನೋಡಿದೀನಮ್ಮ. ನೋಡೋದಕ್ಕೇನು ತೆರಿಗೆ ಇಲ್ವಲ್ಲ!"

ಕೋರಿನ್ ನಗಲಿಲ್ಲ. ರಾತ್ರಿ ದಿಂಬಿಗೆ ತಲೆ ಕೊಟ್ಟಾಗ ಮಾತ್ರ ಆ ಪ್ರಶ್ನೆ ಮತ್ತೆ ಬಂತು... 'ಯಾರಾದ್ರೂ ಕೇಳಿದ್ರಾ?'

ಸರಿ. ಕೇಳೋಣ!

ಮರುದಿನದಿಂದ ಬಸ್ಸು ನಿಲ್ಲಿಸಿದ ಮೇಲೆ ತನ್ನ ಕಾರಿನಲ್ಲಿ ಊರಾಚೆಯ ಮನೆಗಳಿಗೆ ಹೊರಟಳು. ಮೊದಲು ಬರ್ಲ್.

"ನನಗೆ ಓಟೇ ಇಲ್ಲ, ನನ್ನ ಹತ್ರ ಯಾಕೆ ಬಂದೆ ತಾಯಿ?"

"ಓಟು ಕೇಳೋಕೆ ಬಂದಿಲ್ಲ ಮಾವ. ಪಾರ್ಕಲ್ಲಿ ನಿಮಗೇನು ಬೇಕು ಅಂತ ಕೇಳೋಕೆ ಬಂದೆ."

ಬರ್ಲ್ ಟೋಪಿ ತೆಗೆದ, ತಲೆ ಕೆರೆದ, ಟೋಪಿ ಹಾಕಿಕೊಂಡ. ಎಪ್ಪತ್ತೆರಡು ವರ್ಷದಲ್ಲಿ ಊರಿನವರು ಯಾರೂ ಅವನನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ.

"ಒಂದು ಕಕ್ಕಸು" ಎಂದ ಕಡೆಗೆ.

"ಏನು?"

"ನಗಬೇಡ! ಶನಿವಾರ ಹೆಂಡತೀನ ಕರ್ಕೊಂಡು ಪೇಟೆಗೆ ಬರ್ತೀನಿ. ಊರಲ್ಲಿ ಒಂದಾದ್ರೂ ಇದೆಯಾ? ಹೋಟೆಲಿಗೆ ಹೋದ್ರೆ ಸುಮ್ನೆ ಬಿಡ್ತಾರಾ? ಅವರ ಮುಖ ನೋಡಿ ಒಂದು ತುಂಡು ಸಿಹಿ ಪೈ ತಗೋಬೇಕು. ಪೈ ತಿಂದು ತಿಂದೇ ನನಗೆ ಸಕ್ಕರೆ ಕಾಯಿಲೆ ಬಂದಿದ್ದು!"

ಕೋರಿನ್ ಬರೆದುಕೊಂಡಳು. ಇನ್ನೊಂದು ಮನೆಯವರು ಬಿಸಿಲಿಗೆ ಒಂದು ಮಾಡು ಬೇಕೆಂದರು. ಮತ್ತೊಬ್ಬರು ದನದ ಟ್ರೇಲರ್ ನಿಲ್ಲಿಸಲು ಜಾಗ ಕೇಳಿದರು. ಒಬ್ಬಳು ಏನೂ ಕೇಳದೆ, ಸುಮ್ಮನೆ ಒಂದು ಡಜನ್ ಮೊಟ್ಟೆ ಕೊಟ್ಟು ಕಳಿಸಿದಳು.

ಹನ್ನೊಂದನೆಯ ಮನೆಯ ಗೇಟಿನಲ್ಲಿ ವೇಡ್ ಎದುರಾದ. ಮೂಟೆ ಇಳಿಸಿ ಬರುತ್ತಿದ್ದ.

"ನೀವು ನಿಜವಾಗ್ಲೂ ಕೇಳ್ತಾ ಇದೀರಂತೆ ಮೇಡಂ?"

"ನೀವೇ ತಾನೆ ಹೇಳಿದ್ದು?"

"ನಾನು ಬಹಳ ಹೇಳ್ತೀನಿ. ಯಾರೂ ಕೇಳಲ್ಲ."

ಅವನು ನಕ್ಕ. ಮೊದಲ ಸಲ. 'ಅಯ್ಯೋ... ಇದು ಬೇಡ ಕೋರಿನ್' ಎಂದಿತು ಮನಸ್ಸು. ಆರು ವರ್ಷದ ಹಿಂದೆ ಗಂಡನೆನ್ನಿಸಿಕೊಂಡವನು ಅವಳನ್ನು ಬಿಟ್ಟು ಗಿಟಾರಿನ ಜೊತೆ ತುಲ್ಸಾ ನಗರಕ್ಕೆ ಹೋದಮೇಲೆ ಅವಳ ಮನಸ್ಸು ಇಂಥ ಎಚ್ಚರಿಕೆಗಳನ್ನು ತಪ್ಪದೆ ಕೊಡುತ್ತಿತ್ತು. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಆ ನಗೆ ಪಕ್ಕದ ಸೀಟಿನಲ್ಲೇ ಕೂತಿತ್ತು!

ಅದೇ ವಾರ ಇನ್ನಷ್ಟು ಬೋರ್ಡುಗಳು ಬಂದವು. ಶುಕ್ರವಾರ ಇಡೀ ಸಂಜೆ ಕೋರಿನ್ ಹೆದ್ದಾರಿಯ ಅಂಚಿನ ಹುಲ್ಲಿನಲ್ಲಿ, ಊರಿಗೆ ಬರುವವರ ಕಣ್ಣಿಗೆ ರಾಚುವಂತೆ, ಮೂವತ್ತೊಂದು ಬೋರ್ಡು ನೆಟ್ಟಳು. ಕೈಯಲ್ಲಿ ಬೊಬ್ಬೆ ಬಂತು.

ಶನಿವಾರ ಮಧ್ಯಾಹ್ನ ನೋಡಿದರೆ ಒಂದೂ ಇಲ್ಲ!

ಕಾರು ಹತ್ತಿ ಊರೆಲ್ಲ ಸುತ್ತಿದಳು. ಕಡೆಗೆ ಅಗ್ನಿಶಾಮಕ ಠಾಣೆಯ ಮುಂದೆ ನಿಂತ ಒಂದು ಪಿಕಪ್‌ನಲ್ಲಿ ಟಾರ್ಪಾಲಿನ ಕೆಳಗಿಂದ ಹಸಿರು ಅಂಚು ಇಣುಕಿತು. ಎತ್ತಿ ನೋಡಿದಳು. ಮೂವತ್ತೊಂದೂ ಇದ್ದವು.

ಪಿಕಪ್ ವೇಡ್‌ನದು.

ಒಳಗೆ ಪಾರ್ಕಿನ ಚರ್ಚೆಗೆಂದು ಊಟ ಏರ್ಪಾಡಾಗಿತ್ತು. ಹಂದಿಮಾಂಸ ಹಾಕಿ ಬೇಯಿಸಿದ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು, ಇನ್ನೂರು ಜನ. ಕೋರಿನ್ ನೇರ ಅವನ ಮೇಜಿಗೆ ನಡೆದಳು.

"ಎದುರಿಗೆ ನಗೋದು, ಬೆನ್ನ ಹಿಂದೆ ಬೋರ್ಡು ಕೀಳೋದು! ಬೇಡ ಅಂತಿದ್ರೆ ಬೇಡ ಅನ್ನಿ ವೇಡ್ ಟಟಲ್. ಕಳ್ಳತನ ಯಾಕೆ?"

ಇನ್ನೂರು ಚಮಚಗಳು ನಿಂತವು.

ವೇಡ್‌ನ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದ... ಸುತ್ತ ಕೂತವರನ್ನು ಒಮ್ಮೆ ನೋಡಿದ... ಬಾಯಿ ಮುಚ್ಚಿದ. ಬಟ್ಟಲು ಮೇಜಿನ ಮೇಲಿಟ್ಟು ಟೋಪಿ ತೆಗೆದುಕೊಂಡು ಹೊರಗೆ ನಡೆದುಬಿಟ್ಟ.

'ತಪ್ಪಿಲ್ಲದವನಾದರೆ ಮಾತಾಡುತ್ತಿದ್ದ' ಎಂದುಕೊಂಡಳು ಕೋರಿನ್. ಗೆದ್ದೆ ಅನ್ನಿಸಬೇಕಿತ್ತು. ಊಟ ಮುಟ್ಟದೆಯೇ ಮನೆಗೆ ಹೊರಟಳು.

ಭಾನುವಾರ ಬೆಳಿಗ್ಗೆ ಓಪಲ್ ಅಜ್ಜಿಯನ್ನು ಚರ್ಚಿಗೆ ಕರೆದೊಯ್ಯುವಾಗ ಹೆದ್ದಾರಿಗೆ ಬಂದವಳು ಗಕ್ಕನೆ ಬ್ರೇಕು ಹಾಕಿದಳು.

ಬೋರ್ಡುಗಳು!

ಹುಲ್ಲಿನ ಅಂಚಿನಲ್ಲಿದ್ದವು ಈಗ ಹತ್ತು ಹೆಜ್ಜೆ ಹಿಂದೆ, ಬೇಲಿಗಳ ಒಳಗೆ. ಸಾಲಾಗಿ, ನೇರವಾಗಿ, ಒಂದೊಂದೂ ತಂತಿಯಿಂದ ಬಿಗಿದು ಕಟ್ಟಿದ್ದು. ಬರ್ಲ್ ತನ್ನ ಬೇಲಿಯ ಹತ್ತಿರ ಇಕ್ಕಳ ಹಿಡಿದು ನಿಂತಿದ್ದ.

"ಮಾವ, ಇದೇನಿದು?"

"ಏನಿದು ಅಂತ ನನ್ನ ಕೇಳ್ತೀಯಾ? ರಸ್ತೆಯಂಚಿನ ಹುಲ್ಲು ಹೆದ್ದಾರಿಯವರ ಜಾಗ ತಾಯಿ. ಅಲ್ಲಿ ಬೋರ್ಡು ನೆಡೋದು ಕಾನೂನಿಗೆ ವಿರುದ್ಧ. ಸೋಮವಾರ ಅವರ ಲಾರಿ ಬಂದು ಎಲ್ಲ ಕಿತ್ತು ಕಸಕ್ಕೆ ಹಾಕೋದಿತ್ತು. ನನ್ನ ಅಳಿಯ ಅಲ್ಲೇ ಕೆಲಸ ಮಾಡೋದು, ಕಾಫಿ ಕುಡಿಯುವಾಗ ನಾನೇ ವೇಡ್‌ಗೆ ಹೇಳ್ದೆ. ಅವನು ಕಿತ್ತುಕೊಂಡು ಮನೆಮನೆಗೆ ಹೋಗಿ 'ನಿಮ್ಮ ಬೇಲಿಗೆ ಕಟ್ಟಲಾ' ಅಂತ ಕೇಳಿದ. ಒಬ್ಬರೂ ಇಲ್ಲ ಅನ್ನಲಿಲ್ಲ ನೋಡು. ನಮ್ಮಲ್ಲಿ ಒಬ್ಬರಿಗೂ ಓಟಿಲ್ಲ!"

"ಅಷ್ಟು ಜನರ ಮುಂದೆ ಬೈದೆ ನಾನು... ಯಾಕೆ ಹೇಳಲಿಲ್ಲ ಆತ?"

ಓಪಲ್ ಅಜ್ಜಿ ಕಾರಿನೊಳಗಿಂದಲೇ ಉತ್ತರಿಸಿದಳು. "ಕಾನೂನು ಮುರಿದವಳು ನೀನೇ ಅಂತ ಇನ್ನೂರು ಜನರೆದುರು ಹೇಳಬೇಕಿತ್ತಾ? ತೆರಿಗೆ ಬೇಡ ಅನ್ನೋರಿಗೆ ಹಬ್ಬ ಆಗ್ತಿತ್ತು. ನಿನ್ನ ಪಾರ್ಕು ಉಳಿಸೋಕೆ ಅವನು ಕಳ್ಳ ಅನ್ನಿಸಿಕೊಂಡ ಕಣೆ, ಪೆದ್ದಿ!"

ಅವತ್ತು ಚರ್ಚಿನಲ್ಲಿ ಪಾದ್ರಿ ಏನು ಬೋಧಿಸಿದರೋ, ಕೋರಿನ್‌ಗೆ ಒಂದಕ್ಷರ ನೆನಪಿಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ಅಂಗಡಿಗೆ ಹೋದಳು. ಕಾಫಿ ಮೇಜು ತುಂಬಿತ್ತು. ಒಳ್ಳೆಯದೇ ಆಯಿತು.

"ಎಲ್ಲರೂ ಕೇಳಿ! ಶನಿವಾರ ನಾನು ಇವರನ್ನ ಕಳ್ಳ ಅಂದೆ. ಬೋರ್ಡನ್ನ ಹೆದ್ದಾರಿ ಜಾಗದಲ್ಲಿ ನೆಟ್ಟಿದ್ದು ನಾನು. ಅದು ತಪ್ಪು. ಇವರು..."

ವೇಡ್ ಗಾಬರಿಯಿಂದ ಓಡಿಬಂದ. "ಮೇಡಂ, ಓಟಿಗೆ ಇನ್ನು ಎಂಟು ದಿನ ಇದೆ! ದಯವಿಟ್ಟು ಬಾಯಿ ಮುಚ್ಕೊಳ್ಳಿ!"

"ಮುಚ್ಚಲ್ಲ! ಇವರು ಅದನ್ನ ಸರಿ ಮಾಡಿದ್ರು. ಊರ ಮುಂದೆ ಬೈದಿದ್ದೆ, ಊರ ಮುಂದೆಯೇ ಕ್ಷಮೆ ಕೇಳ್ತೀನಿ. ಇದರಿಂದ ಪಾರ್ಕು ಸೋತ್ರೆ... ಸೋಲಲಿ. ಇನ್ನೊಬ್ಬರ ಮರ್ಯಾದೆ ಅಡವಿಟ್ಟು ಗೆಲ್ಲೋಕೆ ನಂಗೆ ಬರಲ್ಲ."

ಮುದುಕರಲ್ಲಿ ಒಬ್ಬ ಮೂಗು ಒರೆಸಿಕೊಂಡು, "ಹೋದ ಸಲ ನಾನು ಬೇಡ ಅಂತ ಓಟು ಹಾಕಿದ್ದೆ" ಎಂದ. ಆ ಮೇಜಿನಲ್ಲಿ ಅಷ್ಟು ಹೇಳುವುದೇ ದೊಡ್ಡ ಭಾಷಣ.

ವೇಡ್ ಅವಳನ್ನು ಬಸ್ಸಿನವರೆಗೆ ಬಿಡಲು ಬಂದ.

"ನಿಮ್ಮ ಒಂದು ಓಟಾದ್ರೂ ಸಿಗುತ್ತಾ?" ಎಂದಳು ಕೋರಿನ್ ಮೆಲ್ಲಗೆ.

"ನನ್ನ ಮನೆ ಗಡಿಯಿಂದ ಕಾಲು ಮೈಲಿ ಆಚೆ. ನನಗೂ ಓಟಿಲ್ಲ. ಕಿಟಕಿಗೆ ಬೋರ್ಡು ಈಗಲೂ ಬೇಡ, ಅದು ಎಲ್ಲರ ಅಂಗಡಿ. ಆದ್ರೆ ನನ್ನ ಹತ್ರ ಪಿಕಪ್ ಇದೆ. ನಡೆಯೋಕಾಗದೋರ ಪಟ್ಟಿ ಕೊಡಿ."

ಮುಂದಿನ ವಾರದ ಮಂಗಳವಾರ, ಓಟಿನ ದಿನ, ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಓಟಿಲ್ಲದ ಆ ಮನುಷ್ಯ ಓಟಿದ್ದವರನ್ನು ಹೊತ್ತು ತಂದ. ಮೂವತ್ತೆಂಟು ಜನ, ಎರಡು ಗಾಲಿಕುರ್ಚಿ, ಒಂದು ಆಮ್ಲಜನಕದ ಸಿಲಿಂಡರು. ಯಾರಿಗೂ ಹೀಗೆ ಹಾಕಿ ಎಂದು ಹೇಳಲಿಲ್ಲ. ಓಪಲ್ ಅಜ್ಜಿ ಮಾತ್ರ ಮುಂದಿನ ಸೀಟು ಬಿಟ್ಟಿಳಿಯದೆ, ಹತ್ತಿದವರಿಗೆಲ್ಲ ಇಳಿಯುವ ತನಕ ಹೇಳುತ್ತಲೇ ಇದ್ದಳು.

ಎಂಟಕ್ಕೆ ಮೊದಲೇ ಫಲಿತಾಂಶ ಬಂತು. ಇಪ್ಪತ್ತೇಳು ಓಟುಗಳಿಂದ... ಗೆಲುವು!

ಅಗ್ನಿಶಾಮಕ ಠಾಣೆಯಲ್ಲಿ ಕಾದಿದ್ದ ಜನ ಕೂಗಿದರು, ಅಪ್ಪಿಕೊಂಡರು. ಟೆಸ್ಸಾ ಅಮ್ಮನ ಹೆಗಲೇರಿ ಚಪ್ಪಾಳೆ ತಟ್ಟಿದಳು. ಕೋರಿನ್ ಅತ್ತಳು, ನಕ್ಕಳು, ಗುಂಪಿನಲ್ಲಿ ಒಂದು ಮುಖಕ್ಕಾಗಿ ಹುಡುಕಿದಳು. ಇರಲಿಲ್ಲ.

"ಗೆದ್ದೋರ ಮಧ್ಯೆ ಓಟಿಲ್ಲದವನಿಗೇನು ಕೆಲಸ ಅಂದ, ಹೋದ" ಎಂದಳು ಓಪಲ್ ಅಜ್ಜಿ. "ಗಂಡಸರಿಗೆ ಮೂಟೆ ಹೊರೋಕೆ ಬರುತ್ತೆ. ಸಂತೋಷ ಹೊರೋಕೆ ಬರಲ್ಲ."

ಬುಧವಾರ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟವಳೇ ಕೋರಿನ್ ಬೋರ್ಡು ತೆಗೆಯಲು ಹೆದ್ದಾರಿಗೆ ಹೋದಳು. ಪಿಕಪ್ ಆಗಲೇ ಅಲ್ಲಿತ್ತು. ವೇಡ್ ತಂತಿ ಬಿಚ್ಚುತ್ತಿದ್ದ.

ಅವಳು ಬೇಲಿಯ ಈ ಬದಿಗೆ ನಿಂತು ಬೋರ್ಡಿನ ಇನ್ನೊಂದು ತುದಿ ಹಿಡಿದಳು. ಏಳೆಂಟು ಬೋರ್ಡು ಹೀಗೇ ಸಾಗಿತು. ಅವನು ಬಿಚ್ಚುವುದು, ಅವಳು ಹಿಡಿಯುವುದು.

"ನಿನ್ನೆ ಯಾಕೆ ಬರಲಿಲ್ಲ?"

"ಬಂದಿದ್ರೆ ಏನಾದ್ರೂ ಹೇಳಿಬಿಡ್ತಿದ್ದೆ. ಅಷ್ಟು ಜನ..."

"ಇಲ್ಲಿ ಜನ ಇಲ್ಲ."

ಒಂದು ಹಸು ಇತ್ತು. ಅದು ಲೆಕ್ಕಕ್ಕಿಲ್ಲ.

ವೇಡ್ ಇಕ್ಕಳವನ್ನು ಜೇಬಿಗೆ ತುರುಕಿದ. ಮತ್ತೆ ತೆಗೆದ. ಕೋರಿನ್‌ಗೆ ಅದು ಕಂಡಿತು. ಆರು ವರ್ಷದಿಂದ ಎಚ್ಚರಿಸುತ್ತಲೇ ಇದ್ದ ಮನಸ್ಸು ಇವತ್ತು ಒಂದಕ್ಷರ ಆಡಲಿಲ್ಲ.

"ಹೇಳಿ ವೇಡ್. ನಾನು ಕೇಳ್ತಾ ಇದೀನಿ. ನಿಮಗೇನು ಬೇಕು?"

"ನೀನು" ಎಂದ. ಆಮೇಲೆ ತನಗೇ ದಿಗಿಲಾದವನಂತೆ, "ಅಂದ್ರೆ... ಮೊದಲು ಭಾನುವಾರ ಊಟಕ್ಕೆ ಬಂದ್ರೆ ಸಾಕು. ಆಮೇಲೆ, ಅಭ್ಯಾಸ ಆದ್ರೆ... ಸೋಮವಾರವೂ. ಎಲ್ಲ ಸೋಮವಾರವೂ."

"ಸೋಮವಾರ ಆರೂವರೆಗೆ ನಾನು ಬಸ್ಸು ತೆಗೀಬೇಕು."

"ಐದೂವರೆಗೆ ಎದ್ದು ಕಾಫಿ ಮಾಡ್ತೀನಿ."

ಕೋರಿನ್ ಬೇಲಿಯ ಮೇಲಿಂದ ಕೈ ಚಾಚಿ ಅವನ ಅಂಗಿಯ ತೋಳಿಗೆ ಸಿಕ್ಕಿಕೊಂಡಿದ್ದ ತಂತಿಯ ತುಂಡನ್ನು ಬಿಡಿಸಿದಳು. ಕೈಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಸಕ್ಕರೆ ಎರಡು ಚಮಚ" ಎಂದಳು. "ನೆನಪಿಟ್ಕೋ."