ಡೆವ್ರಿ ಸಾಹೇಬನ ಕೆಂಪು ಕೋಟು

"ಹಾಕ್ಕೋಬ್ಯಾಡ್ರಿ," ಎಂದರು ಕರಿಬಸಪ್ಪ. "ಹಾಕ್ಕೊಂಡ್ರೂ ಬಾಯಿ ಬಿಡಬ್ಯಾಡ್ರಿ."

ವಿಕ್ರಮ್ ನಕ್ಕ. ಎಂಥ ನಗುವೆಂದರೆ, ಅಮೆರಿಕದ ರ್ಯಾಂಚೊ ಪೆನಾಸ್ಕಿಟೋಸ್‌ನ ಆ ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು, ಎರಡು ಮನೆಗಳ ಬೆಂಕಿ ಅಲಾರಂ ಹೊಡೆದುಕೊಂಡವು.

2023ರ ಜುಲೈ ತಿಂಗಳ ಒಂದು ಬೆಳಿಗ್ಗೆ. ವಿಕ್ರಮನ ಮನೆಯೆದುರು ಮಿನಿವ್ಯಾನ್ ನಿಂತಿತ್ತು. ಅದರ ಡಿಕ್ಕಿಯಲ್ಲೊಂದು ಉದ್ದನೆಯ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯಲ್ಲೊಂದು ಕೆಂಪು ಕೋಟು. ಕಲ್ವರ್ ಸಿಟಿಯ ಸ್ಟುಡಿಯೋ ಒಂದು ಆ ಕೋಟಿನ ಯಜಮಾನನ ಕತೆಯನ್ನು ಸೀರಿಯಲ್ ಮಾಡುತ್ತಿತ್ತು. ಹಳೆಯ ಬಟ್ಟೆಬರೆಗಳನ್ನು ಸುತ್ತಲಿಂದ ಸ್ಕ್ಯಾನ್ ಮಾಡಿ, ಎಳೆ ಎಳೆಯನ್ನೂ ಕಂಪ್ಯೂಟರಿನೊಳಗೆ ಇಳಿಸುವುದು ವಿಕ್ರಮನ ಕೆಲಸ. ಹರಪನಹಳ್ಳಿಯ ಕಡೆಯ ನಿವೃತ್ತ ಮೇಷ್ಟ್ರು ಕರಿಬಸಪ್ಪ ಎರಡು ಬೀದಿ ಆಚೆ ಮಗಳ ಮನೆಯಲ್ಲಿದ್ದರು. ಸೀರಿಯಲ್ಲಿನ ಕನ್ನಡ ಮಾತುಗಳನ್ನು ತಿದ್ದಿಕೊಡುತ್ತಿದ್ದವರು ಅವರೇ. ಆ ಬೆಳಿಗ್ಗೆ ಕೋಟಿನ ಕಾಲರನ್ನು ಮಗುಚಿ ನೋಡಿದವರು ಬಿಸಿ ಹೆಂಚು ಮುಟ್ಟಿದಂತೆ ಕೈ ಎಳೆದುಕೊಂಡರು. ಒಳಗೆ ಕೂದಲಿನ ಗಂಟುಗಳಿದ್ದವು. ಹದಿಮೂರು.

ಅವರ ಊರಿನಲ್ಲಿ ಮನೆಮನೆಗೂ ಗೊತ್ತಿದ್ದ ಕತೆ ಅದು. ಕೋಟಿನ ಯಜಮಾನ ಫಿಂಟನ್ ಡೆವ್ರಿ ಐರ್ಲೆಂಡಿನವನು. ಅವನ ಬಡತನ ಸಾಮಾನ್ಯದ್ದಲ್ಲ. ಮನೆಯ ಇಲಿಗಳು ಕೂಡ ಹಸಿವು ತಾಳಲಾರದೆ ಗಂಟುಮೂಟೆ ಕಟ್ಟಿ ಪಕ್ಕದೂರಿಗೆ ಗುಳೆ ಹೋಗಿದ್ದವು. ಹದಿನಾರನೇ ವಯಸ್ಸಿಗೆ ಒಂದು ಹೊತ್ತಿನ ಊಟದ ಆಸೆಗೆ ಇಂಗ್ಲಿಷರ ಸೈನ್ಯ ಸೇರಿ ಹಡಗು ಹತ್ತಿದ. ಆಳು ಕುಳ್ಳ, ಹೆಗಲ ಮೇಲಿನ ಬಂದೂಕು ಅವನಿಗಿಂತ ಒಂದು ಗೇಣು ಎತ್ತರ. ಹತ್ತು ವರ್ಷ ಬೇರೆಯವರ ಅಪ್ಪಣೆಯನ್ನೇ ಉಂಡು ಉಟ್ಟು ಬದುಕಿದ. ನಿಲ್ಲು ಎಂದರೆ ನಿಂತ, ಸುಡು ಎಂದರೆ ಸುಟ್ಟ. ಕರಡಿಗುಡ್ಡದ ಪಾಳೆಯಗಾರನ ಕೋಟೆ ಬಿದ್ದ ದಿನ, ಹದಿಮೂರು ಜನರನ್ನು ಹುಣಸೆಮರಕ್ಕೆ ನೇತುಹಾಕು ಎಂದರು. ಹಾಕಿದ. ಹದಿಮೂರನೆಯವನು ಬಟ್ಟೆ ಹೊಲಿಯುವ ಸಿದ್ದವ್ವನ ಒಬ್ಬನೇ ಮಗ. ಆಕೆ ಕಾಲು ಹಿಡಿದಾಗ ಡೆವ್ರಿ ಹೇಳಿದ್ದು ಇಷ್ಟೇ: ಅಪ್ಪಣೆ ಆಗಿಹೋಗಿದೆ, ಹಿಂದಕ್ಕೆ ಪಡೆಯಲು ಬರುವುದಿಲ್ಲ.

ಸಿದ್ದವ್ವ ಅಳಲಿಲ್ಲ. ಯುದ್ಧದಲ್ಲಿ ಹರಿದ ಅವನ ಕೋಟನ್ನು ಹೊಲಿದುಕೊಡುವ ಕೆಲಸ ಅವಳ ಪಾಲಿಗೇ ಬಂತು. ಸತ್ತ ಮಗನ ತಲೆಗೂದಲನ್ನು ನೇಣುಹಗ್ಗದ ನಾರಿನೊಂದಿಗೆ ಹೊಸೆದಳು. ಹರಳೆಣ್ಣೆಯಲ್ಲಿ ಅದ್ದಿದಳು. ಕಾಲರಿನ ಒಳಗೆ ಒಂದೊಂದೇ ಗಂಟಾಗಿ ಹೊಲಿದು, ಗಂಟು ಗಂಟಿಗೂ ಉಸುರಿದಳು. ಇನ್ನು ಅಪ್ಪಣೆ ಕೊಡುವವನು ನೀನೇ ಆಗು. ಕೊಟ್ಟದ್ದೆಲ್ಲ ನಡೆಯಲಿ. ಕೊಟ್ಟದ್ದು ಯಾವುದೂ ಹಿಂದಕ್ಕೆ ಬಾರದಿರಲಿ.

ಆಮೇಲೆ ನೋಡಬೇಕಿತ್ತು ಅವನ ಏಳಿಗೆಯನ್ನು! ಸಿಪಾಯಿ ಕ್ಯಾಪ್ಟನ್ನಾದ, ಕ್ಯಾಪ್ಟನ್ ಕರ್ನಲ್ಲಾದ. ಕೊನೆಗೆ ಅದೇ ಕೋಟಿಗೆ ಚಿನ್ನದ ಜರಿ ಹೊಲಿಸಿಕೊಂಡು, ಕಬ್ಬು ಬೆಳೆಯುವ ಯಾವುದೋ ದೂರದ ದ್ವೀಪಕ್ಕೆ ಗವರ್ನರ್ ಆದ. ಅಲ್ಲಿ ಅವನು ಆಕಳಿಸಿದರೆ ಇಡೀ ದ್ವೀಪ ಮಲಗುತ್ತಿತ್ತು, ಸೀನಿದರೆ ಸಮುದ್ರ ಎರಡು ಮಾರು ಹಿಂದೆ ಸರಿಯುತ್ತಿತ್ತು. ಒಂದು ದಿನ ತಿಂಡಿ ತಿನ್ನುವಾಗ ಹೆಂಡತಿಗೆ ಸುಮ್ಮನಿರು ಎಂದ. ಆಕೆ ಇಪ್ಪತ್ತೆರಡು ವರ್ಷ ಸುಮ್ಮನಿದ್ದಳು. ಸಾಯುವಾಗ ನರಳಲೂ ಇಲ್ಲ. ಮಗನಿಗೆ ನನ್ನ ಕಣ್ಣೆದುರು ನಿಲ್ಲಬೇಡ ಎಂದ. ಅಪ್ಪ ಕಂಡಾಗಲೆಲ್ಲ ಮಗ ಓಡಿದ. ಒಮ್ಮೆ ಕೋಟೆಯ ಗೋಡೆಯ ಮೇಲೆ ಓಡುವಾಗ ಗೋಡೆ ಮುಗಿಯಿತು.

"ಒಂದ್ ಅಪ್ಪಣೆ ಮ್ಯಾಲೆ ಇನ್ನೊಂದು ಕೊಟ್ರೆ ಮೊದ್ಲಿಂದು ಹೋಗಂಗಿಲ್ಲ," ಎಂದರು ಕರಿಬಸಪ್ಪ. "ಎರಡೂ ನಡೀತಾವು. ನಡುವೆ ಸಿಕ್ಕೊಂಡ ಮನುಷ್ಯ ಹರೀತಾನೆ."

"ಅಂಕಲ್, ನನ್ ಮನೇಲಿ ನಾನ್ ಹೇಳಿದ್ದನ್ನ ವಾಷಿಂಗ್ ಮಷೀನೂ ಕೇಳಲ್ಲ," ಎಂದ ವಿಕ್ರಮ್. "ಈ ಕೋಟು ಮೊದ್ಲೇ ಸಿಕ್ಕಿದ್ರೆ ರಚನಾನ ಮದುವೆ ಆಗೋವಾಗ ಇದನ್ನೇ ಹಾಕ್ಕೋತಿದ್ದೆ!"

ವ್ಯಾನಿನೊಳಗಿಂದ ಒಂಬತ್ತು ವರ್ಷದ ಮಗಳು ನಿಹಾರಿಕಾ ಕತ್ತು ಹೊರಗೆ ಹಾಕಿದಳು. "ಅಪ್ಪಾ, ಕ್ಯಾನ್ ವೀ ಪ್ಲೀಸ್ ಗೋ?" ಶಾಲೆಗೆ ಬೇಸಿಗೆ ರಜೆ, ರಚನಾಗೆ ಆಫೀಸು. ಹಾಗಾಗಿ ಮಗಳು ಅಪ್ಪನ ಜೊತೆ ಹೊರಟಿದ್ದಳು.

"ಮಗೂನ ಕರ್ಕೊಂಡ್ ಹೋಗಬ್ಯಾಡ್ರಿ," ಎಂದರು ಕರಿಬಸಪ್ಪ ಮೆಲ್ಲಗೆ.

ವಿಕ್ರಮ್ ಅವರಿಗೊಂದು ಸಲ್ಯೂಟ್ ಹೊಡೆದು ಗಾಡಿ ಹೊರಡಿಸಿದ.

ಲಾಸ್ ಏಂಜಲೀಸ್ ಅಂಚಿನ ಚಾಟ್ಸ್‌ವರ್ತ್ ತಲುಪಿದಾಗ ಮಧ್ಯಾಹ್ನ. ಬಿಸಿಲು ಎಂಥದ್ದೆಂದರೆ, ಕಾಗೆಗಳು ತಮ್ಮ ತಮ್ಮ ನೆರಳನ್ನು ಕಾಲಲ್ಲಿ ಹಿಡಿದುಕೊಂಡೇ ಹಾರುತ್ತಿದ್ದವು. ಸ್ಕ್ಯಾನ್ ಮಾಡುವ ಶೆಡ್ಡಿಗೆ ಕಿಟಕಿಗಳಿರಲಿಲ್ಲ. ಒಳಗೆ ನೂರಿಪ್ಪತ್ತು ಕ್ಯಾಮೆರಾಗಳು ವೃತ್ತಾಕಾರದಲ್ಲಿ ನಿಂತಿದ್ದವು. ಸುತ್ತ ಕಪ್ಪು ಪರದೆ. ನಡುವೆ ಬಾವಿಯೊಳಗಿನಂಥ ಕತ್ತಲೆ. ಮುಂದಿನ ಕೋಣೆಯಲ್ಲಿ ಏಸಿ ಹಾಕಿ, ಕೈಗೆ ಟ್ಯಾಬ್ಲೆಟ್ ಕೊಟ್ಟು ಮಗಳನ್ನು ಕೂರಿಸಿ ವಿಕ್ರಮ್ ಒಳಗೆ ಬಂದ. ಸಹೋದ್ಯೋಗಿ ಮನೋಜ್ ದೀಪಗಳನ್ನು ಸರಿಮಾಡುತ್ತಿದ್ದ.

ಬಟ್ಟೆಯನ್ನು ಬೊಂಬೆಗೆ ತೊಡಿಸಿದರೆ ಮಡಿಕೆಗಳು ಸುಳ್ಳು ಹೇಳುತ್ತವೆ, ಉಸಿರಾಡುವ ಮೈಯೇ ಬೇಕು. ಇದು ಅವರ ಕಸುಬಿನ ನಿಯಮ. ಡೆವ್ರಿಯ ಅಳತೆಗೆ ಸರಿಯಾಗಿ ಕುಳ್ಳಗಿದ್ದವನು ಇಡೀ ಕಂಪನಿಗೆ ವಿಕ್ರಮ್ ಒಬ್ಬನೇ.

ಹಾಕಿಕೊಂಡ.

ಮೊದಲು ವಾಸನೆ ಏರಿತು. ಒದ್ದೆ ಉಣ್ಣೆ, ಹಳಸಿದ ಹರಳೆಣ್ಣೆ, ಅದರಡಿಯಲ್ಲಿ ಬಾಣಂತಿ ಕೋಣೆಯ ಹಾಲಿನಂಥದ್ದೇನೋ. ಗಂಟುಗಳು ಕತ್ತಿನ ಹಿಂಬದಿಗೆ ಒತ್ತಿದವು. ತಣ್ಣಗೆ. ಹದಿಮೂರು ಬೆರಳು ಇಟ್ಟ ಹಾಗೆ.

"ಬಾಸ್, ಮದುವೆ ದಿಬ್ಬಣದ ಬ್ಯಾಂಡ್ ಸೆಟ್‌ನೋರ್ ಥರ ಕಾಣ್ತಿದೀರ!" ಮನೋಜ್ ಕಿಸಕ್ಕೆಂದ. "ಕ್ಲಾರಿನೆಟ್ ತಂದ್ಕೊಡ್ಲಾ?"

ವಿಕ್ರಮ್ ಎದೆಯುಬ್ಬಿಸಿ, ಗಂಟಲಲ್ಲಿ ಇಂಗ್ಲಿಷ್ ಸಾಹೇಬನನ್ನು ತಂದುಕೊಂಡ. "ಸೋಲ್ಜರ್! ಸಲ್ಯೂಟ್!"

ಮನೋಜನ ಬಲಗೈ ಫಟ್ಟನೆ ಹಣೆಗೆ ಹೋಯಿತು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಕ್ಯಾಮೆರಾಗಳು ಕೆಲಸ ಶುರುಮಾಡಿದವು. ಫ್ಲ್ಯಾಶ್. ಕತ್ತಲೆ. ಫ್ಲ್ಯಾಶ್. ಕತ್ತಲೆ. ಪ್ರತಿ ಬೆಳಕಿನಲ್ಲೂ ಮನೋಜ್ ಹಣೆಗೆ ಕೈಯಿಟ್ಟೇ ನಿಂತಿದ್ದ. ಐದನೆಯ ಬೆಳಕಿಗೆ ಅವನ ಮುಖದಲ್ಲಿ ನಗುವಿರಲಿಲ್ಲ.

"ಬಾಸ್. ಕೈ ಇಳೀತಿಲ್ಲ."

"ಸೂಪರ್ ಆಕ್ಟಿಂಗ್ ಗುರೂ."

"ಆಕ್ಟಿಂಗ್ ಅಲ್ಲ. ನಮ್ಮಮ್ಮನಾಣೆಗೂ ಅಲ್ಲ."

ವಿಕ್ರಮ್ ಹೋಗಿ ಆ ಕೈ ಹಿಡಿದೆಳೆದ. ಜೋತುಬಿದ್ದ. ಕಾಲುಗಳು ನೆಲ ಬಿಟ್ಟವು, ಕೈ ಕೂದಲೆಳೆಯಷ್ಟೂ ಕದಲಲಿಲ್ಲ. ಮನೋಜ್ ಬಿಕ್ಕತೊಡಗಿದ. ವಿಕ್ರಮನಿಗೆ ಕರಿಬಸಪ್ಪನವರ ಮಾತು ನೆನಪಾಯಿತು. ಆದರೆ ನಾಲಿಗೆ ನೆನಪಿಗಿಂತ ಮೊದಲೇ ಓಡಿತ್ತು.

"ಡೌನ್! ಪುಟ್ ಇಟ್ ಡೌನ್!"

ಕೈ ಇಳಿಯಿತು. ಏರಿಯೂ ಇತ್ತು. ಹಸಿ ಕಬ್ಬು ಮುರಿದ ಸದ್ದು. ಫ್ಲ್ಯಾಶ್. ಮೊಣಕೈ ಕೆಳಗೆ ಎಳೆಯುತ್ತಿದೆ, ಭುಜ ಮೇಲಕ್ಕೆ ಎಳೆಯುತ್ತಿದೆ. ಕತ್ತಲೆ. ಫ್ಲ್ಯಾಶ್. ಅಂಗಿಯ ತೋಳಿನೊಳಗಿಂದ ಬಿಳಿಯದೇನೋ ಇಣುಕಿದೆ. ಕತ್ತಲೆ. ಮನೋಜ್ ಕಿರುಚಿದ ಕಿರುಚಾಟಕ್ಕೆ ತಗಡಿನ ಸೂರು ಇಂದಿಗೂ ನಡುಗುತ್ತಿರಬೇಕು.

ಪರದೆ ಸರಿಯಿತು.

"ಅಪ್ಪಾ? ವಾಟ್ಸ್ ದಟ್ ಸೌಂಡ್?"

ನಿಹಾರಿಕಾ! ಇನ್ನೊಂದು ಹೆಜ್ಜೆ ಇಟ್ಟರೆ ಎಲ್ಲ ಕಾಣುತ್ತದೆ. ಅವಳನ್ನು ಹೊರಗೆ ಕಳಿಸಬೇಕು. ಆದರೆ ಹೇಗೆ? ಅಂಥ ಗಳಿಗೆಯಲ್ಲೂ ಇಂಜಿನಿಯರನ ತಲೆ ಲೆಕ್ಕ ಹಾಕಿತು. ಎರಡು ಅಪ್ಪಣೆ ನಡೆದವು, ಎರಡೂ ಇಂಗ್ಲಿಷಿನವು. ಕೋಟು ಗವರ್ನರನದು. ಅವನ ಮಾತು ಇಂಗ್ಲಿಷು. ಹಾಗಿದ್ದರೆ ಕನ್ನಡದಲ್ಲಿ ಹೇಳಿದರೆ ಅಪಾಯವಿಲ್ಲ. ತನ್ನ ಚುರುಕುತನಕ್ಕೆ ತಾನೇ ಅರೆಗಳಿಗೆ ಹೆಮ್ಮೆಪಟ್ಟು, ಅಮೆರಿಕದ ಸಾವಿರ ಅಪ್ಪಂದಿರು ದಿನಕ್ಕೆ ಸಾವಿರ ಸಲ ಹೇಳುವ ಮಾತನ್ನೇ ಹೇಳಿದ.

"ಪುಟ್ಟಿ, ಹೋಗಿ ಕಾರಲ್ಲಿ ಕೂತ್ಕೋ. ಯಾರು ಕರೆದ್ರೂ ಇಳೀಬೇಡ."

ಹತ್ತು ಸಲ ಹೇಳದೆ ಕದಲುವ ಹುಡುಗಿಯಲ್ಲ ಅವಳು. ಈ ಸಲ 'ವೈ' ಎನ್ನಲೂ ಇಲ್ಲ. ತಿರುಗಿದಳು. ನಡೆದಳು.

ಕತ್ತಿನ ಹಿಂದೆ ಗಂಟುಗಳು ಅಲ್ಲಾಡಿದವು. ಹದಿಮೂರೂ. ಹಸಿದ ಕೂಸು ಮೊಲೆ ಹಿಡಿದಂತೆ ಕಚ್ಚಿಕೊಂಡವು. ತೊಟ್ಟವನು ಇಂಗ್ಲಿಷ್ ಆಡುತ್ತಿದ್ದಿರಬಹುದು. ಹೊಲಿದವಳು ಆಡಿದ್ದು ಕನ್ನಡ. ಇನ್ನೂರು ವರ್ಷಗಳಿಂದ ಆ ಗಂಟುಗಳು ತಮ್ಮ ಭಾಷೆಯ ಒಂದು ಅಪ್ಪಣೆಗಾಗಿ ಕಾದಿದ್ದವು.

ಆಂಬುಲೆನ್ಸ್ ಮನೋಜನನ್ನು ಒಯ್ದಿತು. ವಿಕ್ರಮ್ ಕೋಟನ್ನು ಡಿಕ್ಕಿಗೆಸೆದು, ಬಾಯಿಗೆ ಬೀಗ ಹಾಕಿಕೊಂಡಂತೆ ಮನೆಗೆ ಬಂದ. ರಚನಾ ವ್ಯಾನಿನ ಬಾಗಿಲು ತೆಗೆದು, "ಬಾ ಚಿನ್ನು, ಊಟ ಮಾಡು," ಎಂದಳು. ನಿಹಾರಿಕಾ ಏಳಲು ಹೋದಳು. ಮೈ ಏಳಲಿಲ್ಲ. "ಅಮ್ಮಾ, ಐ ಕಾಂಟ್." ರಚನಾ ನಕ್ಕು ಎತ್ತಿಕೊಂಡಳು. ಪಾದಗಳು ವ್ಯಾನಿನ ಹೊಸ್ತಿಲು ದಾಟಿದವು, ಮಗುವಿನ ಉಸಿರು ನಿಂತಿತು. ತುಟಿ ನೀಲಿ. ಕಣ್ಣು ಬಿಳಿ. ಒಳಗೆ ಕೂರಿಸಿದರೆ ಉಸಿರು ಬಂತು. ಮತ್ತೆ ಎತ್ತಿದರು. ಮತ್ತೆ ನಿಂತಿತು. ಮೂರನೆಯ ಸಲ ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ, ಡಾಕ್ಟರಿಗೂ.

ಅಂದಿನಿಂದ ಆ ವ್ಯಾನೇ ಅವಳ ಮನೆ. ಮೊಸರನ್ನ ಕಿಟಕಿಯಿಂದ. ಸ್ನಾನ ಒದ್ದೆ ಟವೆಲ್ಲಿನಿಂದ, ಗಾಜಿಗೆ ಬೆಡ್‌ಶೀಟ್ ಕಟ್ಟಿ. ಮೊದಮೊದಲು ಗೆಳತಿಯರು ಗೊಂಬೆ ತಂದರು. ಆಮೇಲೆ ಅವರ ಅಣ್ಣಂದಿರು ಫೋನು ತಂದರು, ಗಾಜಿಗೆ ಮುಖವೊತ್ತಿ ವಿಡಿಯೋ ಮಾಡಿದರು. ಮೃಗಾಲಯದ ಹುಲಿಗೂ ಒಂದು ಮರೆಯಿರುತ್ತದೆ, ಅವಳಿಗೆ ಅದೂ ಇರಲಿಲ್ಲ. ಕೋಟು ಹಿಂದಿನ ಸೀಟಿನ ಬೆನ್ನ ಹಿಂದೆ ಡಿಕ್ಕಿಯಲ್ಲೇ ಬಿದ್ದಿತ್ತು, ಮುಟ್ಟುವವರಿಲ್ಲ. ಕರಿಬಸಪ್ಪ ಒಮ್ಮೆ ಬಂದು, ಮಗುವನ್ನು ನೋಡಿ, ಫುಟ್‌ಪಾತಿನ ಅಂಚಿಗೆ ಕೂತರು. ಕತ್ತಲಾದ ಮೇಲೆ ಎದ್ದುಹೋದರು.

ರಚನಾ ಒಂದು ಸಂಜೆ ವಿಕ್ರಮನ ಕಾಲರ್ ಹಿಡಿದಳು. "ಆ ದರಿದ್ರದ್ದನ್ನ ಹಾಕ್ಕೊಂಡು ಇಳಿ ಅಂತ ಹೇಳೋ! ಒಂದೇ ಒಂದ್ ಮಾತು!"

ವಿಕ್ರಮ್ ಫೋನು ತೆಗೆದು ಮನೋಜನ ಎಕ್ಸ್‌ರೇ ತೋರಿಸಿದ. ಅವಳು ಮತ್ತೆ ಕೇಳಲಿಲ್ಲ. ಅವನ ಮುಖವನ್ನೂ ಮತ್ತೆ ನೋಡಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಚಳಿಯಿತ್ತು. ಮಗಳಿಗೆ ಹೀಟರ್ ಹಾಕಲೆಂದು ವಿಕ್ರಮ್ ಎಂದಿನಂತೆ ಡ್ರೈವರ್ ಸೀಟಿನಲ್ಲಿ ಕೂತು ಗಾಡಿ ಸ್ಟಾರ್ಟ್ ಮಾಡಿದ. ವಾಸನೆ ಬಂತು. ಒದ್ದೆ ಉಣ್ಣೆ. ಹರಳೆಣ್ಣೆ. ಹಾಲು.

ಕನ್ನಡಿ ನೋಡಿದ.

ಹಿಂದಿನ ಸೀಟಿನಲ್ಲಿ ನಿಹಾರಿಕಾ ಕೆಂಪು ಕೋಟು ತೊಟ್ಟು ಕೂತಿದ್ದಳು. ಚಳಿಗೆ ಕೈಚಾಚಿ ಎಳೆದುಕೊಂಡಿದ್ದಳು, ಅಷ್ಟೇ ಇರಬೇಕು. ಆದರೆ ಅಳತೆ ತೆಗೆದು ಹೊಲಿದಂತೆ ಒಪ್ಪುತ್ತಿತ್ತು. ಚಿನ್ನದ ಜರಿಯ ಮೇಲೆ ಗಲ್ಲವಿಟ್ಟು ಅವಳು ಅಪ್ಪನನ್ನು ನೋಡುತ್ತಿದ್ದಳು. ಐದು ತಿಂಗಳಿಂದ ಆ ಮುಖದಲ್ಲಿ ಕಾಣದ ನಗು.

"ಪುಟ್ಟಿ," ಎಂದ ವಿಕ್ರಮ್. "ಪುಟ್ಟಿ, ಪ್ಲೀಸ್, ಮಾತಾಡ..."

ಹುಟ್ಟಿದಾಗಿನಿಂದ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವಳು ಬಾಯಿ ತೆರೆದಳು. ಧ್ವನಿ ಅವಳದೇ. ಮಾತು ಸಿದ್ದವ್ವನ ಕರಡಿಗುಡ್ಡದ್ದು.

"ಅಪ್ಪಾ, ಗಾಡಿ ಹೊಡಿ. ನಿಲ್ಲಿಸಬ್ಯಾಡ."

ವಿಕ್ರಮನ ಕಾಲು ತಾನಾಗಿ ಒತ್ತಿತು. ರಚನಾ ಬರಿಗಾಲಲ್ಲಿ ಕಿರುಚುತ್ತ ಹಿಂದೆ ಓಡಿಬಂದಳು. ಕನ್ನಡಿಯಲ್ಲಿ ಚಿಕ್ಕವಳಾದಳು. ಮಾಯವಾದಳು. ಕೆಂಪು ದೀಪ. ನಿಲ್ಲಲಿಲ್ಲ. ಇನ್ನೊಂದು. ನಿಲ್ಲಲಿಲ್ಲ. ಫ್ರೀವೇ. ಉತ್ತರಕ್ಕೆ ಲಾಸ್ ಏಂಜಲೀಸ್, ಅಲ್ಲಿಂದ ತಿರುಗಿ ದಕ್ಷಿಣಕ್ಕೆ, ಮತ್ತೆ ಉತ್ತರಕ್ಕೆ. ಬ್ರೇಕಿನ ಮೇಲಿಡಲು ಹೋದ ಪಾದ ಸೆಳೆತಕ್ಕೆ ಹಿಂದಕ್ಕೆ ತಿರುಚಿಕೊಂಡಿತು. ಎಲುಬು ಕಿರುಗುಟ್ಟಿತು. ಕಾಲು ಎಳೆದುಕೊಂಡ.

ಸಮುದ್ರದ ಪಕ್ಕದ ದಾರಿಯಲ್ಲಿ ಪೆಟ್ರೋಲ್ ಮುಗಿಯಿತು. ಗಾಡಿ ನಿಧಾನವಾಯಿತು. ವಿಕ್ರಮನಿಗೆ ಅಳು ಬರುವಷ್ಟು ಸಂತೋಷವಾಯಿತು. ಮುಗಿಯಿತು!

ಅವನ ಕೈ ಬಾಗಿಲು ತೆರೆಯಿತು. ಕಾಲುಗಳು ರಸ್ತೆಗೆ ಹಾರಿದವು. ಹೆಗಲು ಹೋಗಿ ವ್ಯಾನಿಗೆ ಆನಿಕೊಂಡು ತಳ್ಳತೊಡಗಿತು.

ಎರಡು ಟನ್ ಕಬ್ಬಿಣ. ಚಪ್ಪಲಿ ಹರಿದವು. ಅಂಗಾಲು ಹರಿಯಿತು. ಪಕ್ಕದಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತ ಸಿಡಿದುಹೋದವು. ಪೊಲೀಸರು ಬಂದರು. ನಾಲ್ಕು ಜನ ಎತ್ತಿ ಹಿಡಿದರೂ ಅವನ ಕಾಲುಗಳು ಗಾಳಿಯಲ್ಲೇ ನಡೆಯುತ್ತಿದ್ದವು. ಪಾದಕ್ಕೆ ನೆಲ ಸಿಕ್ಕಿದ್ದೇ ನಾಲ್ವರನ್ನೂ ಹೊತ್ತುಕೊಂಡೇ ಹೋಗಿ ಮತ್ತೆ ಗಾಡಿಗೆ ಹೆಗಲು ಕೊಟ್ಟ. ಡಾಂಬರಿನ ಮೇಲೆ ಎರಡು ಕೆಂಪು ಗೆರೆಗಳು ಉದ್ದಕ್ಕೆ ಬೆಳೆದವು.

ಹಿಂದಿನ ಸೀಟಿನ ಗಾಜು ಇಳಿಯಿತು. ಜರಿ ತೋಳಿನ ಪುಟ್ಟ ಕೈಯೊಂದು ಹೊರಬಂದು ಬಾಗಿಲನ್ನು ಎರಡು ಸಲ ತಟ್ಟಿತು.

"ಜೋರಾಗಿ," ಎಂದಳು ಮಗಳು.