ಪೂಜೆಗಿಟ್ಟ ನೋಟ್ಸು

ವಿಜಯದಶಮಿಯ ಬೆಳಿಗ್ಗೆ ಮಂಗಳಾರತಿ ಮುಗಿದು ಮಕ್ಕಳೆಲ್ಲ ಕೈಮುಗಿದು ನಿಂತಿದ್ದಾಗ, ರವಿಚಂದ್ರ ಮೇಷ್ಟ್ರು ತಮ್ಮ ಟ್ಯುಟೋರಿಯಲ್‌ನ ಸರಸ್ವತಿಯ ಪಟದ ಮುಂದಿದ್ದ ಗಂಟು ಬಿಚ್ಚಿದರು. ಒಳಗೆ ಪೂಜೆಗಿಟ್ಟ ನೋಟ್ಸು ಇರಲಿಲ್ಲ. ಹಳೇ ಟೆಸ್ಟ್ ಪೇಪರುಗಳ ರದ್ದಿ ಇತ್ತು.

ಸುದ್ದಿ ಮಹಡಿಯ ಮೆಟ್ಟಿಲಿಳಿದು ಕೆಳಗಿನ ಅಜ್ಮತ್‌ನ ಜೆರಾಕ್ಸ್ ಅಂಗಡಿಗೆ ಬರುವಷ್ಟರಲ್ಲಿ ಕದ್ದವರ ಹೆಸರನ್ನೂ ಜೊತೆಗೆ ಕರೆದುಕೊಂಡೇ ಬಂತು. ಆ ಹೆಸರು ಜಬೀನ್. ಅಜ್ಮತ್‌ನ ಅಣ್ಣನ ಮಗಳು.

ಅಜ್ಮತ್ ಆಗ ಜೆರಾಕ್ಸ್ ಮೆಷಿನ್ನಿನ ಮೇಲಿನ ಬಾಡಿದ ಚೆಂಡುಹೂವಿನ ಹಾರ ತೆಗೆಯುತ್ತಿದ್ದ. ಆಯುಧಪೂಜೆಗೆ ಪಕ್ಕದ ಹೂವಿನಂಗಡಿಯ ಚೌಡಯ್ಯ ಪ್ರತಿವರ್ಷ ತಾನೇ ಬಂದು ಹಾರ ಹಾಕಿ ಹೋಗುತ್ತಿದ್ದ, ಅಜ್ಮತ್ ಎಂದೂ ಬೇಡ ಅಂದವನಲ್ಲ. ಸುದ್ದಿ ಕೇಳಿ ಅವನ ಕೈಯಿಂದ ಹಾರ ಜಾರಿತು. ಜಬೀನ್ ಆ ಟ್ಯುಟೋರಿಯಲ್‌ನಲ್ಲಿ ಬಯಾಲಜಿ ಹೇಳಿಕೊಡುತ್ತಿದ್ದಳು. ಸರ್ಕಾರಿ ಪಿಯು ಕಾಲೇಜಿನ ಲೆಕ್ಚರರ್ ಕೆಲಸಕ್ಕೆ ಆಯ್ಕೆಯಾಗಿದ್ದಳು, ಪೊಲೀಸ್ ವೆರಿಫಿಕೇಷನ್ ಒಂದು ಬಾಕಿ. ಈ ಹೊತ್ತಿನಲ್ಲಿ ಕಳ್ಳತನದ ಕೇಸು ಬಿದ್ದರೆ ಕೆಲಸ ಹೋದಂತೆಯೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರಲ್ಲ, ಇಲ್ಲಿ ಆನೆ ಕೊಡುವವರೂ ಯಾರೂ ಇಲ್ಲ.

"ಅಕ್ಕಾ, ಬನ್ನಿ" ಅಂದ ಅವನು.

ಅಕ್ಕ ಅಂದರೆ ಚಿಕ್ಕನಂಜಮ್ಮ, ರಿಟೈರಾದ ಪೊಲೀಸ್ ಎಎಸ್‌ಐ. ಮಳವಳ್ಳಿ ಕಡೆಯ ಹೆಣ್ಣುಮಗಳು. ಕೆಲಸ ಬಿಟ್ಟ ಮೇಲೂ ಮದ್ದೂರಿನಲ್ಲಿ ಚಿನ್ನ ಕಳೆದರೂ ಮೇಕೆ ಕಳೆದರೂ ಜನ ಮೊದಲು ಹುಡುಕುತ್ತಿದ್ದದ್ದು ಇವರನ್ನೇ, ಸಿಗುತ್ತಿದ್ದದ್ದು ಅಜ್ಮತ್‌ನ ಅಂಗಡಿಯ ಸ್ಟೂಲಿನ ಮೇಲೆ. ಆಯುಧಪೂಜೆಯ ಮಾರನೆ ದಿನ ಪೇಪರು ಬರುವುದಿಲ್ಲ ಅಂತ ಗೊತ್ತಿದ್ದೂ ಬಂದು ಕೂತು, ಪೇಪರಿನವರನ್ನು ಬಯ್ಯುತ್ತಿದ್ದರು.

"ನಡಿ ಅತ್ಲಾಗೆ" ಅಂದು ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿದರು.

ಮೇಲೆ ಕೋಣೆಯೊಳಗೆ ಗಾಳಿಯೇ ನಿಂತ ಹಾಗಿತ್ತು. ಜಬೀನ್ ಗೋಡೆಗೆ ಒರಗಿ ನಿಂತಿದ್ದಳು, ಕಣ್ಣು ಕೆಂಪಗಿತ್ತು. ರವಿಚಂದ್ರ ಗೋಡೆಯಿಂದ ಗೋಡೆಗೆ ಓಡಾಡುತ್ತಿದ್ದರು. ಓಡಾಡದೆ ಏನು ಮಾಡಿಯಾರು? ಫಿಸಿಕ್ಸಿನಿಂದ ಹಿಡಿದು ಇತಿಹಾಸದವರೆಗೆ, ಎಲ್ಲ ವಿಷಯಕ್ಕೂ ಅವರ ಮೇಷ್ಟ್ರುಗಳು ವರ್ಷಗಟ್ಟಲೆ ಕೈಯಲ್ಲಿ ಬರೆದು, ತಿದ್ದಿ ತಯಾರಿಸಿದ ನೋಟ್ಸು ಅದು. ಆತಗೂರು, ಮಳವಳ್ಳಿಯಿಂದ ಮಕ್ಕಳು ಬರುತ್ತಿದ್ದದ್ದೇ ಅದಕ್ಕೆ. ರವಿಚಂದ್ರ ಅದನ್ನು ಬೀರುವಿನಲ್ಲಿಟ್ಟು, ಒಂದೊಂದೇ ಅಧ್ಯಾಯ ಈಚೆ ತೆಗೆದು ಕೆಳಗೆ ಜೆರಾಕ್ಸಿಗೆ ಕಳಿಸುತ್ತಿದ್ದರು. ಪೂರ್ತಿ ನೋಟ್ಸು ಯಾರ ಕೈಗೂ ಸಿಗಬಾರದು ಅನ್ನುವುದು ಅವರ ಹಟ.

"ಬೀಗದ ಕೈ ಇದ್ದದ್ದು ಇವರೊಬ್ಬರ ಹತ್ರ" ಅಂದರು ರವಿಚಂದ್ರ. "ಸರಸ್ವತಿ ಪೂಜೆಯ ದಿನ ಸಂಜೆ ಬೀಗ ಹಾಕಿದೋರು ಇವರೇ, ಇವತ್ತು ತೆಗೆದೋರೂ ಇವರೇ. ಬೀಗ ಒಡೆದಿಲ್ಲ, ಕಿಟಕಿಗೆ ಸರಳಿದೆ. ಇನ್ನು ಯಾರನ್ನ ಕೇಳಲಿ? ನಮ್ಮೋರಾಗಿದ್ರೆ ದೇವರ ಮುಂದೆ ಇಟ್ಟದ್ದನ್ನ ಮುಟ್ಟೋಕೆ ಹೆದರ್ತಿದ್ರು."

ಆ ಕೊನೆಯ ಮಾತು ಅಜ್ಮತ್‌ನ ಎದೆಗೆ ನಾಟಿತು. ಎಷ್ಟು ವರ್ಷದ ಗಿರಾಕಿ ಈ ಮನುಷ್ಯ!

"ಸಾರ್, ಅದರಲ್ಲಿ ನನ್ನ ಬಯಾಲಜಿ ನೋಟ್ಸೂ ಇತ್ತು" ಅಂದಳು ಜಬೀನ್. "ನನ್ನದನ್ನ ನಾನೇ ಕದೀತೀನಾ?"

"ನಿಮಗೆ ಗೌರ್ಮೆಂಟ್ ಕೆಲಸ ಆಯ್ತಲ್ಲ ಮೇಡಂ. ಹೋಗೋರಿಗೆ ಇಲ್ಲಿ ಏನಾದ್ರೇನು? ನಾನು ಸ್ಟೇಷನ್ನಿಗೆ ಫೋನ್ ಮಾಡ್ತೀನಿ."

"ಸಂಜೆಗಂಟ ತಡೀರಿ ಮೇಷ್ಟ್ರೇ" ಅಂದರು ಚಿಕ್ಕನಂಜಮ್ಮ. "ಅಷ್ಟರಾಗೆ ಕಳ್ಳ ಸಿಗ್ದಿದ್ರೆ ಈ ಮಗೀನ ನಾನೇ ಠೇಸನ್ನಿಗೆ ಕರ್ಕಂಡು ಓಯ್ತೀನಿ."

ಅಜ್ಮತ್‌ಗೆ ಗೊತ್ತಿತ್ತು, ಅಕ್ಕನ ಮಾತು ಅಂದರೆ ಮಾತೇ.

ಅವರು ಗಂಟಿನ ಮುಂದೆ ಕೂತರು. ಬಿಳಿ ಪಂಚೆ, ಗಂಟಿನ ಮೇಲ್ಭಾಗದ ನಾಲ್ಕು ಮೂಲೆಗೂ ನಡುವಿಗೂ ಕಲಸಿದ ಅರಿಶಿನದ ಬೊಟ್ಟು, ಮೇಲೆ ಕುಂಕುಮ, ಎಲ್ಲ ಒಣಗಿತ್ತು. ರದ್ದಿಯ ಮೇಲಿನ ಹಾಳೆಯನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಅದರ ಮೇಲೂ ಹಳದಿ ಕಲೆಗಳಿದ್ದವು. ಹಳೇ ಕಾಗದ, ಎಣ್ಣೆ ಬಿದ್ದಿರಬೇಕು ಅಂದುಕೊಂಡ ಅಜ್ಮತ್. ರದ್ದಿಯ ನಡುವೆ ಒಂದೇ ಒಂದು ನಿಜವಾದ ನೋಟ್ಸು ಸಿಕ್ಕಿತು, ಗಣಿತದ್ದು.

"ನಂದು" ಅಂದು ಗಣಿತದ ಮೇಷ್ಟ್ರು ಸಿದ್ದರಾಮು ಅದನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಂಡ. "ನೋಡಿ, ಕಳ್ಳನಿಗೂ ನನ್ನ ಲೆಕ್ಕ ಬೇಡವಾಯ್ತು!"

"ಗಂಟು ಕಟ್ಟಿದ್ದು ಯಾರು?"

"ನಾನೇ" ಅಂದ ಸಿದ್ದರಾಮು. "ಸಾರ್ ಬೀರುವಿನಿಂದ ತೆಗೆದುಕೊಟ್ಟು ಮನೆಗೆ ಹೋದ್ರು. ಕಟ್ಟಿ, ಮೇಡಂಗೆ ಒಪ್ಪಿಸಿ ಟೀ ಕುಡಿಯೋಕೆ ಹೋದೆ."

ಮೇಡಂ ಅಂದರೆ ಇತಿಹಾಸದ ಆಶಾರಾಣಿ. "ಬೊಟ್ಟಿಟ್ಟು ಹೂವಿಟ್ಟವಳು ನಾನು" ಅಂದರು ಅವರು. "ಸ್ವಲ್ಪ ಹೊತ್ತು ಒಬ್ಬಳೇ ಇದ್ದೆ, ನಿಜ. ಆಮೇಲೆ ಎಲ್ಲರೂ ಬಂದ್ರು, ಪೂಜೆ ಆಯ್ತು. ನಾನು ಬ್ಲಫ್ ಬಸ್ ಹತ್ತಿದೆ, ಅಲ್ಲಿನ ಪವರ್ ಹೌಸಿನಲ್ಲಿರೋ ನಮ್ಮೆಜಮಾನರ ಕ್ವಾರ್ಟರ್ಸಿಗೆ."

"ನೀನು ಕಣಮ್ಮ ಜಬೀನು?"

"ಮಳವಳ್ಳಿಯಲ್ಲಿ ಕ್ಲಾಸಿತ್ತು ಆಂಟಿ. ನಾನು ಬಂದಾಗ ಪೂಜೆಯೆಲ್ಲ ಮುಗಿದಿತ್ತು. ಎಲ್ಲರೂ ಊರಿಗೆ ಹೊರಟಿದ್ರು, ನನ್ನ ಮನೆ ಹತ್ತಿರ ಅಂತ ಬೀಗ ಹಾಕೋಕೆ ಹೇಳಿದ್ರು."

ಚಿಕ್ಕನಂಜಮ್ಮ ಎದ್ದು ಮಂಡಿ ನೀವಿಕೊಂಡರು. "ಸಂಜೆ ಎಲ್ರೂ ಇಲ್ಲೇ ಸೇರ್ಬೇಕು. ಅಲ್ಲೀಗಂಟ ಯಾರೂ ಊರ್ಗೀರಿಗೆ ಓಗಂಗಿಲ್ಲ." ಕೆಳಗೆ ಬಂದವರೇ ಅಜ್ಮತ್‌ಗೆ, "ಸ್ಕೂಟ್ರು ತೆಗಿ. ಗೊಂಬೆ ನೋಡ್ಕಂಡು ಬರಾನ" ಅಂದರು.

"ಗೊಂಬೇನಾ? ಅಕ್ಕಾ, ಇಲ್ಲಿ ನಮ್ಮ ಹುಡ್ಗಿ ಬದುಕು ಹೋಗ್ತಾ ಐತೆ, ನಿಮಗೆ ದಸರಾ ಗೊಂಬೆ..."

"ಬಾಯ್ ಮುಚ್ಕಂಡು ಓಡ್ಸಪ್ಪ. ಹನಕೆರೆಗೆ."

ಹನಕೆರೆಯಲ್ಲಿ ಒಂದು ಹಂಚಿನ ಮನೆಯ ಮುಂದೆ ಸ್ಕೂಟರು ನಿಲ್ಲಿಸಿ ಅಕ್ಕ ಒಬ್ಬರೇ ಒಳಗೆ ಹೋದರು. ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದ ಮುತ್ತೈದೆಗೆ ಯಾವ ಮನೆಯ ಬಾಗಿಲೂ ಮುಚ್ಚಿರುವುದಿಲ್ಲ. ಅಜ್ಮತ್ ಬಿಸಿಲಿನಲ್ಲಿ ನಿಂತು ತನ್ನಲ್ಲೇ ಕುದಿಯುತ್ತಿದ್ದ. ಬಹಳ ಹೊತ್ತಿಗೆ ಅಕ್ಕ ಈಚೆ ಬಂದರು, ಹಣೆಯಲ್ಲಿ ಕುಂಕುಮ, ಕೈಯಲ್ಲಿ ಎಲೆಯ ತುಂಬ ಕಡಲೆ ಉಸಲಿ. ಹಿಂದೆಯೇ ಒಬ್ಬ ಮುದುಕಿ ಬಾಗಿಲಿಗೆ ಬಂದು, "ನನ್ನ ಮಗ ಇನ್ನೂ ಬರ್ನಿಲ್ಲ ಕಣವ್ವ. ಇಟ್ಟೋನೇ ಬಂದು ಎತ್ಕಬೇಕು ಅಂತ ದೇವರ ಮುಂದ್ಲದ್ನ ಅಂಗೇ ಬುಟ್ಟಿವ್ನಿ" ಅಂದಳು.

"ಬತ್ತಾನೆ ಬುಡವ್ವ" ಅಂದರು ಅಕ್ಕ. ಆ ದನಿ ಯಾಕೋ ಭಾರವಾಗಿತ್ತು. ಅಂಗಡಿಗೆ ಬಂದ ಮೇಲೆ ಅಕ್ಕ ಕೊಟ್ಟ ಉಸಲಿಯನ್ನು ಅಜ್ಮತ್ ಮೆಷಿನ್ನಿನ ಪಕ್ಕ ಎತ್ತಿಟ್ಟ.

ಸಂಜೆ ಎಲ್ಲರೂ ಮಹಡಿಯ ಕೋಣೆಯಲ್ಲಿ ಸೇರಿದರು. ಮೆಟ್ಟಿಲ ಮೇಲೆ ಮಕ್ಕಳೂ ತುಂಬಿಕೊಂಡಿದ್ದರು. ರವಿಚಂದ್ರ ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದರು. ಜಬೀನ್ ಅಜ್ಮತ್‌ನ ಪಕ್ಕ ಬಂದು ನಿಂತಳು.

ಚಿಕ್ಕನಂಜಮ್ಮ ರದ್ದಿಯ ಮೇಲಿನ ಹಾಳೆಯನ್ನು ಮೇಜಿನ ಮೇಲೆ ಹಾಸಿ, ಅದರ ಮೇಲೆ ಪಂಚೆಯನ್ನು ಮೊದಲು ಹೇಗಿತ್ತೋ ಹಾಗೇ ಹೊದಿಸಿದರು. ಮತ್ತೆ ತೆಗೆದರು. ಮತ್ತೆ ಹೊದಿಸಿದರು.

"ನೋಡ್ಕಳಿ. ಬಟ್ಟೆ ಮೇಲೆ ಎಲ್ಲೆಲ್ಲಿ ಬೊಟ್ಟು ಐತೋ, ಹಾಳೆ ಮೇಲೂ ಅಲ್ಲಲ್ಲೇ ಕಲೆ ಐತೆ. ಆಶಾರಾಣಮ್ಮ, ಬೊಟ್ಟಿಡುವಾಗ ಅರಿಶಿನ ಹೆಂಗಿತ್ತು?"

"ನೀರು ಜಾಸ್ತಿಯಾಗಿ ತೆಳ್ಳಗಿತ್ತು" ಅಂದರು ಆಶಾರಾಣಿ. ಹಾಗನ್ನುತ್ತಲೇ ಅವರ ಕಣ್ಣು ಅಗಲವಾಯಿತು.

"ಅಸಿ ಅರಿಶಿನ ಬಟ್ಟೆ ದಾಟಿ ಕಾಗದಕ್ಕೆ ಇಳೀತು. ನೋಟ್ಸಿಗಲ್ಲ, ರದ್ದಿಗೆ. ಅಂದ್ರೆ ನೀವು ಬೊಟ್ಟಿಡುವಾಗ್ಲೇ ಗಂಟಿನೊಳಗೆ ರದ್ದಿ ಇತ್ತು. ಬೀಗ ಆಕಿದ ಮ್ಯಾಲೆ ಕದ್ದಿದ್ರೆ, ಒಣಗಿದ ಬೊಟ್ಟು ಕಾಗದಕ್ಕೆ ಯಾಕೆ ಅಂಟ್ಕಂಡಾತು? ಈ ಮಗು ಮಳವಳ್ಳಿ ಬಸ್ಸು ಇಳಿಯೋ ಒತ್ಗೆ ಕಳ್ಳತನ ಮುಗ್ದೋಗಿತ್ತು ಮೇಷ್ಟ್ರೇ. ಇವಳು ಬೀಗ ಆಕಿದ್ದು ಬರೀ ರದ್ದಿಗೆ."

ರವಿಚಂದ್ರ ಫೋನನ್ನು ಮೆಲ್ಲನೆ ಜೇಬಿಗಿಳಿಸಿದರು. ಅಜ್ಮತ್ ಆಗ ಉಸಿರು ಬಿಟ್ಟ. ಬೆಳಿಗ್ಗೆ ಅದೇ ಕಲೆಯನ್ನು ತಾನೂ ನೋಡಿದ್ದೆನಲ್ಲ, ಎಣ್ಣೆ ಅಂದುಕೊಂಡೆನಲ್ಲ ಅಂತ ನಾಚಿಕೆಯೂ ಆಯಿತು.

"ಪೂಜೆಗೆ ಮುಂಚೆ ಗಂಟಿನ ಜೊತೆ ಒಬ್ಬರೇ ಇದ್ದೋರು ಇಬ್ರು. ಒಬ್ಬರು ಕಟ್ಟಿದೋರು, ಇನ್ನೊಬ್ಬರು ಬೊಟ್ಟಿಟ್ಟೋರು. ಯಾರು ಅಂತ ಏಳಿದ್ದು ಆ ಗಣಿತದ ನೋಟ್ಸು. ಬೇಡದ್ದು ಅಂತ ಕಳ್ಳ ಬುಟ್ಟೋಗೋದಾದ್ರೆ ಅದು ಆಚೆ ಬಿದ್ದಿರ್ತಿತ್ತು. ರದ್ದಿ ನಡುವೆ ಜೋಪಾನವಾಗಿ ಯಾಕೆ ಕೂತಿತ್ತು? ಸರಸ್ವತಿ ಮುಂದೆ ಬರೀ ರದ್ದಿ ಇಡಾಕೆ ಕಳ್ಳಂಗೆ ಮನ್ಸು ಬರ್ನಿಲ್ಲ. ಒಂದಾದ್ರೂ ನಿಜವಾದ್ದು ಇರ್ಲಿ ಅಂದ್ಕಂಡ. ಬೇರೆಯೋರದ್ದು ಬುಡಾಕೆ ಆಸೆ ಬುಡ್ನಿಲ್ಲ. ತನ್ನದ್ನೇ ಇಟ್ಟ, ಅದೆಂಗೂ ತಲೆನಲ್ಲೇ ಐತಲ್ಲ."

ಸಿದ್ದರಾಮು ಎದ್ದು ನಿಂತ. "ಇದು ಊಹೆ! ನನ್ನ ಮೇಲೆ ಬರಲಿ ಅಂತ ಯಾರಾದ್ರೂ ಇಟ್ಟಿರಬಹುದು."

"ಇರಬೌದು. ನಂಗೂ ಆ ಅನುಮಾನ ಇತ್ತು. ಅದ್ಕೇ ಲೆಕ್ಕ ಮುಂದುವರಿಸ್ದೆ. ಇಷ್ಟು ದೇವರ ಭಯ ಇರೋನು ಕದ್ದ ನೋಟ್ಸನ್ನ ನವರಾತ್ರೀಲಿ ಎಲ್ಲಿಡ್ತಾನೆ? ಮಂಚದಡೀಲಿ ಇಟ್ರೆ ವಿದ್ಯೆಗೆ ಅವಮಾನ. ಅದ್ನೂ ಪೂಜೆಗೇ ಇಡ್ಬೇಕು. ಹನಕೆರೇಲಿ ನಿಮ್ಮನೆ ಗೊಂಬೆ ಬಾಳ ಚೆನ್ನಾಗವೆ ಕಣಪ್ಪ ಸಿದ್ದರಾಮು. ಗೊಂಬೆ ಪಕ್ಕದಾಗೆ ಎಲ್ಲ ಸಬ್ಜೆಕ್ಟಿನ ನೋಟ್ಸೂ ಐತೆ, ಹೂವ ಏರಿಸ್ಕಂಡು. ದೀಪಾವಳಿ ಕಳೀತಿದ್ದಂಗೆ ಮಗ ಮಂಡ್ಯದಾಗೆ ಸ್ವಂತ ಟ್ಯುಟೋರಿಯಲ್ ಇಡ್ತಾನೆ ಅಂತ ನಿಮ್ಮವ್ವ ಇಗ್ಗಿ ಏಳುದ್ರು."

ಸಿದ್ದರಾಮು ಕುರ್ಚಿಯ ಮೇಲೆ ಕುಸಿದ. "ಅವ್ವಂಗೆ... ಅವ್ವಂಗೆ ಹೇಳಿದ್ರಾ?"

"ಇಲ್ಲ. ಅಬ್ಬದ ದಿನ ಒಂದು ತಾಯಿಗೆ ಆ ಮಾತ ಏಳಾಕೆ ನಂಗೆ ಬಾಯಿ ಬರ್ನಿಲ್ಲ."

"ಇಷ್ಟಾಗುತ್ತೆ ಅಂತ ಗೊತ್ತಿರಲಿಲ್ಲ. ಜಬೀನ್ ಮೇಡಂ ಹೆಸರು ಬರುತ್ತೆ ಅಂತ..."

"ಬೆಳಿಗ್ಗೆ ಬಂತಲ್ಲ! ಆ ಮಗು ಗೋಡೆಗೆ ಒರಗಿ ಅಳ್ತಾ ನಿಂತಿದ್ದಾಗ ನೀನು ಇಲ್ಲೇ ಇದ್ದೆ. ಲೆಕ್ಕದ ತಮಾಸೆ ಆಡ್ತಿದ್ದೆ" ಅಂದರು ಚಿಕ್ಕನಂಜಮ್ಮ, ಮೊದಲ ಬಾರಿಗೆ ದನಿಯೆತ್ತಿ. ಆಮೇಲೆ ರವಿಚಂದ್ರರ ಕಡೆ ತಿರುಗಿದರು. "ದೇವರಿಗೆ ಎದರೋರು ಕದಿಯಕಿಲ್ಲ ಅಂದ್ರಲ್ಲ ಮೇಷ್ಟ್ರೇ. ಇವನು ದೇವರಿಗೆ ಚೆನ್ನಾಗೇ ಎದರ್ಕಂಡ. ಮನುಸರಿಗೆ ಎದರ್ಕಳಾದ್ನ ಮರ್ತ."

ರವಿಚಂದ್ರ ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಸಿದ್ದರಾಮು ರವಿಚಂದ್ರರ ಜೊತೆಯಲ್ಲೇ ಹನಕೆರೆಗೆ ಹೋಗಿ, ದೀಪ ಹಚ್ಚುವ ಹೊತ್ತಿಗೆ ನೋಟ್ಸು ತಂದು ಮೇಜಿನ ಮೇಲಿಟ್ಟ. ಅವನನ್ನು ಪೊಲೀಸರಿಗೆ ಕೊಡುವುದೋ ಬಿಡುವುದೋ ಅಂತ ರವಿಚಂದ್ರ ಯೋಚಿಸುತ್ತಿದ್ದರು. ಮುಂದಿನ ವಾರದಿಂದ ಗಣಿತಕ್ಕೆ ಬೇರೆ ಮೇಷ್ಟ್ರು ಬರುತ್ತಾರೆ ಅನ್ನುವುದಂತೂ ಖಾತ್ರಿಯಾಯಿತು.

"ಜಬೀನ್ ಮೇಡಂ, ನಾನು ಬೆಳಿಗ್ಗೆ ದುಡುಕಿ ಮಾತಾಡಿದೆ" ಅಂದರು ಅವರು. "ಮನಸ್ಸಿಗೆ ಹಚ್ಚಿಕೋಬೇಡಿ."

ಜಬೀನ್ ಬೀಗದ ಕೈಯನ್ನು ಅವರ ಮುಂದಿಟ್ಟಳು. "ಇನ್ಮೇಲೆ ಬೀಗ ನೀವೇ ಹಾಕ್ಕೊಳಿ ಸಾರ್." ನೋಟ್ಸಿನ ರಾಶಿಯಲ್ಲಿ ತನ್ನ ಬಯಾಲಜಿ ಕಟ್ಟನ್ನು ಹುಡುಕಿ ತೆಗೆದುಕೊಂಡಳು. ಮೊದಲ ಪುಟದ ಮೇಲೆ ಹನಕೆರೆಯ ಮುದುಕಿ ಇಟ್ಟ ಕುಂಕುಮವಿತ್ತು. ಅವಳು ಅದನ್ನು ಒರೆಸಲಿಲ್ಲ.

ಕೆಳಗೆ ಬಂದು ಹೇಳಿದಳು: "ಚಾಚಾ, ಮೆಷಿನ್ ಆನ್ ಮಾಡಿ."

"ಎಷ್ಟು ಕಾಪಿ ಬೇಟಾ?"

"ಎಷ್ಟು ಮಕ್ಕಳಿದ್ದಾರೋ ಅಷ್ಟು. ಒಂದೊಂದು ಅಧ್ಯಾಯ ಅಲ್ಲ, ಪೂರ್ತಿ. ನಾನು ಬರೆದದ್ದು, ನಾನು ಕೊಡ್ತೀನಿ."

ಆಯುಧಪೂಜೆ ಕಳೆದ ಮೇಲಿನ ಮೊದಲ ಕೆಲಸ. ಮೆಷಿನ್ನು ಒಂದು ಸಲ ಕೆಮ್ಮಿ ಓಡತೊಡಗಿತು. ಚಿಕ್ಕನಂಜಮ್ಮ ಸ್ಟೂಲಿನ ಮೇಲೆ ಕೂತು, ಮಿಕ್ಕಿದ್ದ ಉಸಲಿಯನ್ನು ಬಾಯಿಗೆ ಹಾಕಿಕೊಂಡರು. ಮಕ್ಕಳು ದಡದಡ ಇಳಿದು ಬಂದರು. ಅವರ ಹಿಂದೆಯೇ ರವಿಚಂದ್ರರೂ ಬಂದು, ಬೀಗದ ಕೈ ಹಿಡಿದುಕೊಂಡು ಅಂಗಡಿಯ ಬಾಗಿಲಿಗೆ ಅಡ್ಡ ನಿಂತರು, ಏನೋ ಹೇಳುವವರ ಹಾಗೆ.

ಅಜ್ಮತ್‌ಗೆ ಅವರನ್ನು ಕೇಳುವುದು ಬೇಕಾದಷ್ಟಿತ್ತು. ಬೆಳಿಗ್ಗೆಯಿಂದ ನಾಲಗೆಯ ತುದಿಯಲ್ಲೇ ಇತ್ತು. ಅವನು ಬಿಸಿಯಾದ ಮೊದಲ ಪುಟವನ್ನು ಕೈಗೆತ್ತಿಕೊಂಡು ಇಷ್ಟೇ ಅಂದ:

"ಸಾರ್, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳಿ. ಮಕ್ಕಳು ಒಳಗೆ ಬರಬೇಕು."